ಬಾಗಿಲಿಲ್ಲದೆ ಬಂದ ಮನೆ

ಮನೆ ಬಂತು, ಬಾಗಿಲು ಬರಲಿಲ್ಲ.

ಪೂಜಿತಾ ಕಣ್ಣುಜ್ಜಿಕೊಂಡು ಮತ್ತೊಮ್ಮೆ ನೋಡಿದಳು. ಟಿಟ್ವಾಲಾ ಸ್ಟೇಷನ್ನಿನಿಂದ ರಿಕ್ಷಾದಲ್ಲಿ ಇಪ್ಪತ್ತು ನಿಮಿಷ ಆಚೆಗಿದ್ದ ಅವಳ ಪುಟ್ಟ ಪ್ಲಾಟಿಗೆ ಬೆಳಿಗ್ಗೆ ಏಳಕ್ಕೇ ಕ್ರೇನ್ ಬಂದಿತ್ತು. ಟ್ರೇಲರಿನಲ್ಲಿ ಬಂದ ಮನೆಯ ಎರಡು ಅರ್ಧಗಳನ್ನು ಇಳಿಸಿ, ಸೇರಿಸಿ, ಬೋಲ್ಟು ಬಿಗಿದದ್ದೂ ಆಗಿತ್ತು. ಕಿಟಕಿಗೆ ಗಾಜಿತ್ತು. ಅಡುಗೆಮನೆಯಲ್ಲಿ ಸಿಂಕ್ ಇತ್ತು. ಬಾತ್‌ರೂಮಿನ ನಲ್ಲಿಗೆ ಸುತ್ತಿದ ಪ್ಲಾಸ್ಟಿಕ್ ಕೂಡ ಹಾಗೇ ಇತ್ತು. ಮುಂಬಾಗಿಲು ಇರಬೇಕಾದಲ್ಲಿ ಮಾತ್ರ ಆಳೆತ್ತರದ ಒಂದು ತೂತು.

"ಸಾತ್ವಿಕ್, ಬಾಗಿಲೆಲ್ಲಿ?"

ಮನೆ ಮಾಡಿಕೊಟ್ಟ ಕಂಪನಿಯ ಸೈಟ್ ಎಂಜಿನಿಯರ್ ಸಾತ್ವಿಕ ಹೆಲ್ಮೆಟ್ ತೆಗೆದು ಕೂದಲು ಸರಿಮಾಡಿಕೊಂಡ. ಮುಚ್ಚಿಟ್ಟದ್ದೇನಾದರೂ ಹೊರಗೆ ಬರುವ ಮುಂಚೆ ಅವನ ಕೈ ಕೂದಲಿಗೆ ಹೋಗುತ್ತದೆ. ಐದು ತಿಂಗಳಲ್ಲಿ ಅವಳು ಅಷ್ಟು ಕಲಿತಿದ್ದಳು.

"ಟೆನ್ಶನ್ ತಗೊಳ್ಬೇಡಿ ಮೇಡಂ. ಹೋ ಜಾಯೇಗಾ."

ಹೋ ಜಾಯೇಗಾ ಅಂತೆ. ಕಾರ್ಖಾನೆಯಿಂದ ಮನೆ ಮೂರು ವಾರ ತಡವಾದಾಗಲೂ ಹೋ ಜಾಯೇಗಾ. ಅಡಿಪಾಯಕ್ಕೆ ನೀರು ನುಗ್ಗಿದಾಗಲೂ ಹೋ ಜಾಯೇಗಾ. ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದ ಈ ಉಡುಪಿಯ ಹುಡುಗನಿಗೆ ಬೇರೆ ಮಾತೇ ಬರುವುದಿಲ್ಲವೋ ಏನೋ. ಕರ್ಮ ಎಂದರೆ, ಆಗುತ್ತದೆ ಎಂದು ಅವನು ಹೇಳಿದ್ದೆಲ್ಲ ಕಡೆಗೆ ಆಗಿಯೇ ಇತ್ತು. ಅದರಿಂದ ಅವಳಿಗೆ ಸರಿಯಾಗಿ ಸಿಟ್ಟು ಮಾಡಲಿಕ್ಕೂ ಆಗುತ್ತಿರಲಿಲ್ಲ.

ಥಾಣೆಯಲ್ಲಿ ಒಂದು ಫ್ಲ್ಯಾಟ್ ಎಂದು ಪೂಜಿತಾ ಒಂಬತ್ತು ವರ್ಷ ಓಡಾಡಿದ್ದಳು. ಐರೋಲಿಯ ಆಫೀಸಿನಲ್ಲಿ ಅವಳ ಸಂಬಳ ಒಂದು ಮೆಟ್ಟಿಲು ಹತ್ತಿದರೆ ಫ್ಲ್ಯಾಟಿನ ರೇಟು ಲಿಫ್ಟಿನಲ್ಲಿ ಹೋಗುತ್ತಿತ್ತು. ಕೊನೆಗೆ ಈ ದಾರಿ ಕಂಡಿತು: ದೂರದಲ್ಲಿ ಸ್ವಲ್ಪ ಜಾಗ, ಅದರ ಮೇಲೆ ಕಾರ್ಖಾನೆಯಲ್ಲಿ ತಯಾರಾದ ಮಾಡ್ಯುಲರ್ ಮನೆ. ಎಲ್ಲ ಸೇರಿದರೂ ಥಾಣೆಯ ಒಂದು ಬೆಡ್‌ರೂಮಿನ ಅರ್ಧಕ್ಕಿಂತ ಕಡಿಮೆ. ಅವಳೂ ಅಪ್ಪನೂ ಇದ್ದ ಕೋಪರಿಯ ಬಾಡಿಗೆ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಗಲಿದ್ದು, ತಿಂಗಳ ಕೊನೆಗೆ ಖಾಲಿ ಮಾಡಬೇಕಿತ್ತು.

ಅಪ್ಪನಿಗೆ ಎಲ್ಲ ಒಪ್ಪಿಗೆಯಾಯಿತು, ಒಂದು ಬಿಟ್ಟು. ಮುಂಬಾಗಿಲ ಚೌಕಟ್ಟಿಗೆ ಅವರ ಊರಲ್ಲಿ ದಾರಂದ ಎನ್ನುತ್ತಾರೆ. ಅದನ್ನು ಮುಹೂರ್ತ ನೋಡಿ, ಪೂಜೆ ಮಾಡಿ, ಮನೆಯವರು ಕೈಯಾರೆ ನಿಲ್ಲಿಸಬೇಕು. ಕಾರ್ಖಾನೆಯ ಮನೆಗಾದರೋ ಬಾಗಿಲು, ಚೌಕಟ್ಟು, ಬೀಗ ಎಲ್ಲ ಅಲ್ಲೇ ಕೂತು ಬರುತ್ತದೆ.

"ದಾರಂದ ಇಡದ ಮನೆ ಎಂತ ಮನೆ ಮಗಾ? ನೀನು ಹೋಗಿ ಇರು. ನಾನು ಸಾನಪಾಡಾದಲ್ಲಿ ಶ್ರೀಮತಿ ಮನೆಯಲ್ಲಿ ಇರ್ತೇನೆ," ಎಂದಿದ್ದರು ಅಪ್ಪ ಯಜ್ಞೇಶ್ವರ. ಶ್ರೀಮತಿ ಅವರ ತಂಗಿ.

ಅವಳು ವಾದಿಸಿದ್ದಳು, ಕೂಗಾಡಿದ್ದಳು, ಎರಡು ದಿನ ಮಾತು ಬಿಟ್ಟಿದ್ದಳು. ಅಪ್ಪ ಕದಲಲಿಲ್ಲ. ನೌಪಾಡಾದ ಹೋಟೆಲಿನಲ್ಲಿ ನಲವತ್ತು ವರ್ಷ ಬೆಳಗಿನ ಐದಕ್ಕೆ ಧಣಿಗಳ ಶಟರ್ ಎತ್ತಿದ ಮನುಷ್ಯ ಅವರು. ತನ್ನದು ಎನ್ನುವ ಒಂದು ಬಾಗಿಲನ್ನು ಈ ವಯಸ್ಸಿಗೂ ತೆರೆದಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಅಪ್ಪ ಬಾರದಿದ್ದರೆ ಈ ಮನೆ ಯಾರಿಗೆ?

ಇವತ್ತು ಮನೆ ನೋಡಲಿಕ್ಕಾದರೂ ಬನ್ನಿ ಎಂದು ಕರೆತಂದಿದ್ದಳು. ಅವರು ಬೇಲಿಯ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಕಾಲ ಬುಡದಲ್ಲಿ ಸಾನಪಾಡಾಕ್ಕೆ ಹೊರಟ ಬಟ್ಟೆಯ ಚೀಲ.

"ಕೇಳ್ತಾ ಇದ್ದೇನೆ, ಬಾಗಿಲೆಲ್ಲಿ?" ಎಂದಳು ಪೂಜಿತಾ ಮತ್ತೆ.

"ನಾನೇ ಬೇಡ ಹೇಳಿದ್ದು," ಎಂದ ಸಾತ್ವಿಕ. "ಕಾಗದಕ್ಕೆ ಸಹಿಗೆ ಅಂತ ಕೋಪರಿಯ ಮನೆಗೆ ಬಂದಿದ್ದೆ ಅಲ್ವಾ, ನೀವು ಆಫೀಸಿಂದ ಬರುವಾಗ ಲೇಟಾಯ್ತು. ಅಂಕಲ್ ಚಾ ಕೊಟ್ಟು ದಾರಂದದ ಕಥೆ ಎಲ್ಲ ಹೇಳಿದ್ರು. ಫ್ಯಾಕ್ಟರಿಗೆ ಹೇಳಿ ಆ ಜಾಗ ಖಾಲಿ ಬಿಡಿಸಿದೆ. ಡೊಂಬಿವಲಿಯಲ್ಲಿ ನಮ್ಮೂರ ಆಚಾರಿ ಒಬ್ಬರಿದ್ದಾರೆ. ಹಲಸಿನ ಮರದ್ದು ಮಾಡ್ಸಿದ್ದೇನೆ, ಬಾಗಿಲು ಸಮೇತ. ಟೆಂಪೋ ಈಗ ಬರ್ತದೆ. ಹನ್ನೊಂದೂ ನಲವತ್ತಕ್ಕೆ ಮುಹೂರ್ತ ಉಂಟು."

ಪೂಜಿತಾ ಆ ತೂತಿನ ಕಡೆಗೆ ಮುಖ ತಿರುಗಿಸಿದಳು. "ನನಗೆ ಯಾಕೆ ಹೇಳ್ಲಿಲ್ಲ?"

"ಸರ್‌ಪ್ರೈಸ್ ಅಂತ."

"ಮಾರಾಯ್ರೇ, ಬಾಗಿಲಿಲ್ಲದ ಮನೆ ಕಳ್ಸೋದು ಸರ್‌ಪ್ರೈಸಾ? ನನ್ನ ಜೀವ ಹೋಗ್ತಿತ್ತು."

ಅವನು ನಕ್ಕ. ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಸಣ್ಣದಾಗುತ್ತದೆ. ಸೈಟಿನ ಧೂಳು ರೆಪ್ಪೆಯ ಮೇಲೆ ಕೂತು ಇವತ್ತು ಅದು ಇನ್ನಷ್ಟು ಚಂದ ಕಾಣುತ್ತಿತ್ತು. ಇಂಥ ಹೊತ್ತಲ್ಲಿ ಇದನ್ನೆಲ್ಲ ನೋಡುತ್ತಿದ್ದೇನಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಟೆಂಪೋ ಬಂತು. ಅರಿಶಿನ ಬಣ್ಣದ ಹಲಸಿನ ಚೌಕಟ್ಟು ನೋಡಿ ಅಪ್ಪ ಕುರ್ಚಿಯಿಂದ ಎದ್ದರು. ಹತ್ತಿರ ಬಂದು ಮರವನ್ನು ಮೂಸಿದರು. ಬಟ್ಟೆಯ ಚೀಲದಿಂದ ಅರಿಶಿನ ಕುಂಕುಮದ ಡಬ್ಬಿ ತೆಗೆದರು. ಹಾಗಾದರೆ ಮುದುಕ ಮೊದಲೇ ತಯಾರಾಗಿ ಬಂದಿದ್ದ.

ನಾಲ್ಕು ಜನ ಸೇರಿ ಚೌಕಟ್ಟನ್ನು ಎತ್ತಿ ತೂತಿಗೆ ಹಿಡಿದರು. ಅದು ಒಳಗೆ ಹೋಗಲಿಲ್ಲ.

ಸಾತ್ವಿಕ ಟೇಪ್ ಹಿಡಿದ. ಮತ್ತೆ ಹಿಡಿದ. ಮುಖ ಬಿಳುಚಿತು.

"ಏನಾಯ್ತು?" ಎಂದಳು.

"ಊರಿನ ವಾಸ್ತುದವರು ಆಯ ನೋಡಿ ಶುಭದ ಅಳತೆ ಕೊಟ್ಟಿದ್ರು. ಅದು ಚೌಕಟ್ಟಿನ ಒಳಗಿನ ಅಳತೆ. ನಾನು..." ಕೈ ಕೂದಲಿಗೆ ಹೋಯಿತು. "ನಾನು ಅದನ್ನೇ ಗೋಡೆಯ ಅಳತೆ ಅಂತ ಫ್ಯಾಕ್ಟರಿಗೆ ಕೊಟ್ಟೆ. ಮರದ ದಪ್ಪ ಸೇರಿಸ್ಲೇ ಇಲ್ಲ."

"ಎಂಜಿನಿಯರ್ ಅಲ್ವಾ ನೀವು?"

"ಸಿವಿಲ್," ಎಂದ ಅವನು ಸಣ್ಣ ದನಿಯಲ್ಲಿ, ಅದೇ ಒಂದು ತಪ್ಪು ಎಂಬಂತೆ.

ಗಂಟೆ ಹನ್ನೊಂದು ಆಗುತ್ತ ಬಂದಿತ್ತು. ಕಾರ್ಖಾನೆಯ ಫಿಟ್ಟರ್ ರೇವಣಸಿದ್ದ, ಕಲಬುರಗಿ ಕಡೆಯವನು, ಗೋಡೆಯನ್ನು ಬೆರಳಲ್ಲಿ ಬಡಿದು ನೋಡಿದ. "ಅಕ್ಕಾರ, ಇದೇನ್ ಕಲ್ಲಿನ ಗ್ವಾಡಿ ಅಲ್ರೀ. ಅರ್ಧ ತಾಸಿನ್ಯಾಗ ಕೊಯ್ದ ಕೊಡ್ತೀನಿ. ಆದ್ರ ಕೊಯ್ದ ಗ್ವಾಡಿಗೆ ಫ್ಯಾಕ್ಟರಿ ಗ್ಯಾರಂಟಿ ಇರಂಗಿಲ್ರೀ."

"ಬೇಡ, ಮರ ಕೊಯ್ಯೋಣ," ಎಂದ ಸಾತ್ವಿಕ. "ಗೋಡೆಗೆ ಹತ್ತು ವರ್ಷದ ಗ್ಯಾರಂಟಿ ಉಂಟು, ಅದು ಮೇಡಂ ಕಷ್ಟಪಟ್ಟು ತಗೊಂಡದ್ದು. ತಪ್ಪು ನನ್ನದು. ಅಂಕಲ್, ಎರಡು ಬದಿ ಮೂರು ಮೂರು ಇಂಚು ಸಣ್ಣ ಮಾಡಿದ್ರೆ..."

"ಆಯ ತಪ್ತದೆ," ಎಂದರು ಅಪ್ಪ. ಸಿಟ್ಟಿರಲಿಲ್ಲ ಆ ದನಿಯಲ್ಲಿ. "ಇರ್ಲಿ. ಮನೆ ಅವಳದ್ದು. ಅವಳಿಗೆ ಬೇಕಾದ ಹಾಗೆ ಮಾಡಿ." ಕುಂಕುಮದ ಡಬ್ಬಿಯ ಮುಚ್ಚಳ ಹಾಕಿ ಚೀಲಕ್ಕಿಟ್ಟರು. ಚೀಲವನ್ನು ಹೆಗಲಿಗೆ ಹಾಕಿಕೊಂಡರು.

ಪೂಜಿತಾ ಆ ಚೀಲವನ್ನು ನೋಡಿದಳು. ಹೋಟೆಲಿನಿಂದ ರಿಟೈರಾದ ದಿನ ಧಣಿಗಳು ಕೊಟ್ಟ ಚೀಲ ಅದು. ನಲವತ್ತು ವರ್ಷಕ್ಕೆ ಒಂದು ಚೀಲ.

"ಗೋಡೆ ಕೊಯ್ಯಿರಿ ರೇವಣಸಿದ್ದ."

"ಮೇಡಂ, ಗ್ಯಾರಂಟಿ..." ಎಂದ ಸಾತ್ವಿಕ.

"ಗ್ಯಾರಂಟಿ ಇಟ್ಟುಕೊಂಡು ನಾನೊಬ್ಬಳೇ ಇರಬೇಕಾ ಇಲ್ಲಿ? ಕೊಯ್ಯಿರಿ ಅಂದ್ನಲ್ಲ. ಅಪ್ಪಾ, ಆ ಚೀಲ ಕೆಳಗಿಡಿ. ಸಾಕು ನಿಮ್ಮ ನಾಟಕ."

ಅಪ್ಪ ಚೀಲ ಕೆಳಗಿಟ್ಟರು. ಮೂಗು ಒರೆಸಿಕೊಂಡು, ಧೂಳು ಜಾಸ್ತಿ ಮಾರಾಯ್ತಿ ಇಲ್ಲಿ, ಎಂದರು.

ಕಟರ್ ಕಿರುಚಿತು. ಹನ್ನೊಂದೂ ಮೂವತ್ತೆಂಟಕ್ಕೆ ಗೋಡೆ ದಾರಿ ಬಿಟ್ಟಿತು. ಅಪ್ಪ ಕುಂಕುಮ ಹಚ್ಚಿದರು, ಮಾವಿನೆಲೆ ಕಟ್ಟಿದರು, ಕಾಯಿ ಒಡೆದರು. "ಮನೆಯವರು ಹಿಡೀಬೇಕು," ಎಂದರು. ಪೂಜಿತಾ ಎಡಗಡೆಯ ಕಂಬ ಹಿಡಿದಳು. "ಬಲಗಡೆ ನೀನು ಹಿಡಿ ಮಾಣಿ," ಎಂದರು ಅಪ್ಪ.

ಮಾಣಿ ಎಂದರೆ ಸಾತ್ವಿಕ. ಅವನ ಕೈ ಮೊದಲು ಕೂದಲಿಗೆ ಹೋಯಿತು, ಆಮೇಲೆ ಕಂಬಕ್ಕೆ.

ದಾರಂದ ನಿಂತಿತು. ರೇವಣಸಿದ್ದ ಬಾಗಿಲು ಕೂರಿಸಿದ ಮೇಲೆ ಅಪ್ಪ ಅದನ್ನು ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಬಲಗಾಲಿಟ್ಟು ಒಳಗೆ ಹೋದರು. ಒಳಗಿನಿಂದ ಚಿಲಕ ಹಾಕಿ ನೋಡುವ ಸದ್ದು ಕೇಳಿತು, ಒಂದಲ್ಲ, ನಾಲ್ಕೈದು ಸಲ.

ಹೊರಗೆ ಇಬ್ಬರೇ ಉಳಿದರು.

"ಇನ್ನೇನು ಮುಚ್ಚಿಟ್ಟಿದ್ದೀರಿ?" ಎಂದಳು ಪೂಜಿತಾ. "ಕೂದಲು ಮುಟ್ಟಿದ್ದು ನೋಡಿದೆ ನಾನು. ಸೆಪ್ಟಿಕ್ ಟ್ಯಾಂಕಾ?"

"ಟ್ಯಾಂಕ್ ಸರಿ ಉಂಟು." ಅವನು ಹೆಲ್ಮೆಟ್ಟನ್ನು ಎರಡು ಕೈಯಲ್ಲಿ ತಿರುಗಿಸಿದ. "ನಿಮ್ಮನ್ನು ಮದುವೆ ಆಗ್ಬೇಕು ಅಂತ ಉಂಟು ನನಗೆ. ಮನೆ ಕೆಲಸ ಮುಗಿಯೋ ಮೊದಲು ಕೇಳಿದ್ರೆ, ಇಲ್ಲ ಅಂದ್ರೂ ದಿನಾ ನನ್ನ ಮುಖ ನೋಡ್ಬೇಕಲ್ಲ ನೀವು. ಅದಕ್ಕೆ ಕಾದೆ."

ಅವಳ ಕಿವಿ ಬಿಸಿಯಾಯಿತು. ಐದು ತಿಂಗಳು ಇವನ ಫೋನಿಗೆ ಬಯ್ಯಲೆಂದೇ ಕಾದದ್ದು, ಬಾರದ ದಿನ ಯಾರಿಗೂ ಬಯ್ಯದೆ ಮಂಕಾಗಿ ಕೂತದ್ದು, ಎಲ್ಲ ಒಟ್ಟಿಗೆ ನೆನಪಾಯಿತು. ಅವಳಿಗೆ ಇವನು ಬೇಕಾಗಿತ್ತು. ಎಷ್ಟೋ ದಿನದಿಂದ ಬೇಕಾಗಿತ್ತು.

"ಅಪ್ಪನಿಗೆ ಗೊತ್ತಾ?"

ಕೈ ಮತ್ತೆ ಕೂದಲಿಗೆ ಹೋಯಿತು. "ಅವತ್ತು ಚಾ ಕುಡಿಯುವಾಗ ಹೇಳಿದೆ."

"ಅಂದ್ರೆ ಅಪ್ಪನಿಗೆ ಗೊತ್ತು, ನಿಮಗೆ ಗೊತ್ತು. ನನಗೆ ಮಾತ್ರ ಬಾಕಿ?"

"ಆಚಾರಿಗೂ ಗೊತ್ತು," ಎಂದ ಅವನು. ಬಚ್ಚಿಡುವುದನ್ನು ಇವತ್ತಿಗೆ ಬಿಟ್ಟಂತೆ ಕಂಡಿತು. "ಯಾರಿಗೆ ದಾರಂದ ಅಂತ ಕೇಳಿದ್ರು."

ಅವಳು ಹಣೆ ಹಿಡಿದುಕೊಂಡಳು. ಬಯ್ಯಬೇಕೆಂದು ಬಾಯಿ ತೆರೆದರೆ ನಗು ಬಂತು. ಅವನ ರೆಪ್ಪೆಯ ಮೇಲಿನ ಧೂಳನ್ನು ದುಪಟ್ಟಾದ ತುದಿಯಲ್ಲಿ ಒರೆಸಿದಳು, ಸ್ವಲ್ಪ ಗಟ್ಟಿಯಾಗಿಯೇ. ಅವನು ಉಸಿರು ಬಿಗಿಹಿಡಿದು ನಿಂತ.

"ಮೇಡಂ, ಉತ್ತರ?"

"ಮೊದಲು ಮೇಡಂ ಅನ್ನೋದು ಬಿಡಿ."

"ಪೂಜಿತಾ. ಉತ್ತರ?"

ಅವಳು ತನ್ನ ಹೊಸ ಹೊಸ್ತಿಲ ಮೇಲೆ ಕಾಲಿಟ್ಟು ತಿರುಗಿ ನೋಡಿದಳು.

"ಟೆನ್ಶನ್ ತಗೊಳ್ಬೇಡಿ," ಎಂದಳು. "ಹೋ ಜಾಯೇಗಾ."