ಸುತ್ತಿಗೆ ಬೇಡದ ಕೆಲಸ

ಕಾರಿಗೆ ಹೊಸ ಹ್ಯಾಂಡಲ್ ಹಾಕಿತ್ತು. ತಂಗಿ ಅದನ್ನು ಹಿಡಿದು ಎಳೆದಳು. ಬಾಗಿಲು ಸಲೀಸಾಗಿ ತೆರೆದುಕೊಂಡಿತು. ಅಕ್ಕನ ಎಡಗೈ ಹೊರಗೆ ಜಾರಿ ನೇತಾಡಿತು.

ಸಂಜೆ ಟೀ ಹಿಡಿದು ಹೋದರೆ ಅಕ್ಕನ ಮಂಚ ಖಾಲಿ. ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಎಲ್ಲ ಕಳೆದುಕೊಂಡ ಹೆಂಗಸು ತಾನಾಗಿ ಎದ್ದು ಎಲ್ಲಿಗೆ ಹೋದಾಳು? ತಂಗಿ ಮನೆಯೆಲ್ಲ ಹುಡುಕಿದಳು. ಕೊನೆಗೆ ಹಿತ್ತಲಿನ ಶೆಡ್ಡಿನ ಶಟರ್ ಎತ್ತಿದಳು. ತಗಡಿನ ಶೆಡ್ಡು, ಬೇಸಿಗೆಯ ಬಿಸಿಲು ದಿನವಿಡೀ ಕಾಸಿದ ಶೆಡ್ಡು. ಒಳಗೆ ಗಾಜು ಪೂರ್ತಿ ಏರಿಸಿದ ಕಾರು. ಹಿಂದಿನ ಸೀಟಿನಲ್ಲಿ, ಬಾಗಿಲಿಗೆ ಒರಗಿಕೊಂಡು ಅಕ್ಕ.

ತಂಗಿಯ ಕಿರುಚಾಟಕ್ಕೆ ಇಡೀ ಬೀದಿ ಬಂದು ಸೇರಿತು. ಪೊಲೀಸರು ಅದಾದ ಮೇಲೆ ಬಂದರು.

*

ಇನ್ಸ್‌ಪೆಕ್ಟರಮ್ಮನಿಗೆ ಠಾಣೆಯವರು ಇಟ್ಟ ಹೆಸರು ಸ್ಪ್ಯಾನರ್ ಮೇಡಂ. ಎದುರಿಗೆ ಕರೆಯುವ ಧೈರ್ಯ ಯಾರಿಗೂ ಇಲ್ಲ. ತನ್ನ ಲಟಾರಿ ಕಾರನ್ನು ತಾನೇ ರಿಪೇರಿ ಮಾಡಿಕೊಳ್ಳುವ ಹುಚ್ಚು ಅವಳಿಗೆ. ರಿಪೇರಿಗಿಂತ ಹಾಳು ಮಾಡಿದ್ದೇ ಹೆಚ್ಚು ಎಂದು ಎಲ್ಲರೂ ಮೀಸೆ ಎಂದು ಕರೆಯುವ ಹಿರಿಯ ಕಾನ್‌ಸ್ಟೆಬಲ್ ಬೆನ್ನ ಹಿಂದೆ ಹೇಳುವುದುಂಟು.

ಹೆಣ ಸಾಗಿಸಿದ ಮೇಲೆ ಅವಳು ಕಾರಿನೊಳಗೆ ತಲೆ ಹಾಕಿದಳು.

ಮುಂದಿನ ಸೀಟಿನ ಬೆಲ್ಟ್ ಪೂರ್ತಿ ಹೊರಗೆಳೆದಿತ್ತು. ಅದರ ತುದಿಯ ಲೋಹದ ನಾಲಿಗೆಯಿಂದ ಗಾಜಿಗೆ, ಬಾಗಿಲಿಗೆ ಹೊಡೆದ ಗುರುತುಗಳಿದ್ದವು. ಗಾಜು ಒಡೆದಿರಲಿಲ್ಲ. ಒಂದೇ ಕೈಯ ಬಲಕ್ಕೆ ಅದು ಒಡೆಯುವುದೂ ಇಲ್ಲ. ಡ್ರೈವರ್ ಬಾಗಿಲ ಒಳಗಿನ ಹಿಡಿ ಕಿತ್ತು ಬರುವಂತೆ ಸಡಿಲಾಗಿತ್ತು. ಹಿಂದಿನ ಎರಡೂ ಬಾಗಿಲ ಮೇಲೆ ಉಗುರಿನ ಗೀರು.

"ಎಲ್ಲಾ ಬಾಗಿಲ ಹತ್ರಾನೂ ತೆವಳಿಕೊಂಡು ಹೋಗಿದ್ದಾಳೆ," ಎಂದಳು.

"ಹಾರ್ನ್ ಹೊಡೀಬಹುದಿತ್ತಲ್ಲ ಮೇಡಂ?" ಮೀಸೆ ಕೇಳಿದ.

ಅವಳು ಬಾನೆಟ್ ಎತ್ತಿದಳು. ಬ್ಯಾಟರಿಯ ಒಂದು ವೈರ್ ಕಳಚಿ ಪಕ್ಕಕ್ಕೆ ಬಿದ್ದಿತ್ತು. ಹಾರ್ನೂ ಇಲ್ಲ, ಗಾಜು ಇಳಿಸುವ ಕರೆಂಟೂ ಇಲ್ಲ.

ಮಧ್ಯಾಹ್ನವೇ ಪ್ರಾಣ ಹೋಗಿದೆ, ಸೆಕೆಗೇ ಹೋಗಿದೆ ಎಂದು ಡಾಕ್ಟರು ಹೇಳಿದ್ದರು. ಸಾಯಲು ಎಷ್ಟು ಹೊತ್ತು ಹಿಡಿಯಿತು ಎಂದು ಇನ್ಸ್‌ಪೆಕ್ಟರಮ್ಮ ಕೇಳಿದಳು. ಡಾಕ್ಟರು ಕೈ ತೊಳೆಯಲು ಹೋದರು.

*

ಸತ್ತವಳ ಗಂಡನನ್ನು ಬೀದಿಯವರು ಪುಣ್ಯಾತ್ಮ ಎಂದೇ ಕರೆಯುತ್ತಿದ್ದರು. ಎರಡು ವರ್ಷದಿಂದ ಹೆಂಡತಿಯನ್ನು ಎತ್ತಿ ಕೂರಿಸಿ, ತಲೆ ಬಾಚಿ, ವ್ಯಾಯಾಮಕ್ಕೆಂದು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ಮನುಷ್ಯ. ಅಂಥ ಗಂಡ ಎಷ್ಟು ಜನರಿಗೆ ಸಿಗುತ್ತಾನೆ ಎಂದು ಹೆಂಗಸರು ತಮ್ಮ ಗಂಡಂದಿರ ತಲೆ ತಿನ್ನುತ್ತಿದ್ದರು. ಈಗ ಅವನು ಕುರ್ಚಿಯ ಅಂಚಿನಲ್ಲಿ ಕೂತು ಕರ್ಚೀಫು ಹಿಂಡುತ್ತಿದ್ದ.

"ಊಟಕ್ಕೆ ಮುಂಚೆ ಆಸ್ಪತ್ರೆಗೆ ಹೊರಟ್ವಿ ಮೇಡಂ. ಅವಳನ್ನ ಕಾರಲ್ಲಿ ಕೂರಿಸ್ದೆ. ಸ್ಟಾರ್ಟೇ ಆಗ್ಲಿಲ್ಲ. ನೋಡಿದ್ರೆ ಬ್ಯಾಟರಿಗೆ ವೈರ್ ಹಿಡಿಯೋ ಕ್ಲಾಂಪ್ ಮುರಿದಿತ್ತು. ತರೋಣ ಅಂತ ಸ್ಕೂಟರಲ್ಲಿ ಹೋದೆ. ಬಿಸಿಲು ಬೀಳದಿರ್ಲಿ ಅಂತ ಶಟರ್ ಎಳೆದೆ."

"ಅವರನ್ನ ಒಳಗೆ ಬಿಟ್ಟು?"

"ನಾದಿನಿಗೆ ಹೇಳ್ದೆನಲ್ಲ! ಸ್ನಾನ ಮಾಡ್ತಿದ್ದಳು. ಬಾಗಿಲ ಹತ್ರ ನಿಂತು, ನಿಮ್ಮಕ್ಕ ಕಾರಲ್ಲಿದ್ದಾಳೆ, ಒಳಗೆ ಕರ್ಕೊಂಡು ಹೋಗು ಅಂದೆ. ಹೂಂ ಅಂದ ಹಾಗಾಯ್ತು." ಅವನು ಕಣ್ಣೊರೆಸಿಕೊಂಡ. "ಅವಳನ್ನೇನೂ ಅನ್ಬೇಡಿ ಮೇಡಂ. ಪಾಪ, ನೀರಿನ ಸದ್ದಲ್ಲಿ ಕೇಳಿಸಿರಲ್ಲ."

"ಎಲ್ಲಿದ್ರಿ ಸಂಜೆವರೆಗೂ?"

"ಸ್ಪೇರ್ ಪಾರ್ಟ್ಸ್ ಅಂಗಡೀಲೇ. ನಾಲ್ಕು ಅಂಗಡಿ ಸುತ್ತಿದೆ. ಎಲ್ರನ್ನೂ ಕೇಳಿ ನೋಡಿ."

"ಒಳಗಿನಿಂದ ಬಾಗಿಲು ಯಾಕೆ ತೆರೀಲಿಲ್ಲ?"

ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. "ಅದೇ ಮೇಡಂ ನನ್ನ ಕರ್ಮ. ಹೊರಗಿನ ಹ್ಯಾಂಡಲ್ ಎಲ್ಲಾ ಬಿರುಕು ಬಿಟ್ಟಿತ್ತು. ನಾನೇ ಬದಲಾಯಿಸೋಣ ಅಂತ ಒಂದು ವಾರದಿಂದ ಒದ್ದಾಡ್ತಿದ್ದೆ. ಹಿಂದಿನೆರಡು ಮೊದಲೇ ಮುಗ್ಸಿದ್ದೆ. ಮುಂದಿನೆರಡು ಇವತ್ತು ಬೆಳಿಗ್ಗೆ ಹಾಕ್ದೆ. ಬಾಗಿಲ ಒಳಮೈಯ ಪ್ಯಾನೆಲ್ ಬಿಚ್ಚಿದಾಗ ಒಳಗಿನ ಹಿಡಿಯ ಕೇಬಲ್ ಕಳಚಿದ್ದೆ, ವಾಪಸ್ ಸಿಗಿಸೋಕೆ ಮರೆತೆನೋ ಏನೋ. ಪರೀಕ್ಷೆ ಮಾಡೋಕೂ ಹೋಗ್ಲಿಲ್ಲ."

"ಹಿಂದಿನ ಬಾಗಿಲು?"

"ಅವಕ್ಕೆ ಯಾವತ್ತೂ ಚೈಲ್ಡ್ ಲಾಕ್, ಒಳಗಿಂದ ತೆರೆಯೋಲ್ಲ. ಅವಳು ಹಿಂದೆ ಕೂತ್ರೆ ಜಾರಿ ಬೀಳಬಾರದು ಅಂತ."

ಇನ್ಸ್‌ಪೆಕ್ಟರಮ್ಮ ಅವನನ್ನು ನಂಬಿದಳು. ನಂಬಲು ಕಾರಣವಿತ್ತು. ಹೋದ ವರ್ಷ ಅವಳೂ ತನ್ನ ಕಾರಿನ ಹ್ಯಾಂಡಲ್ ಬದಲಾಯಿಸಲು ಹೋಗಿ, ಪ್ಯಾನೆಲ್ಲನ್ನೆಲ್ಲ ಕಿತ್ತು, ಬೆರಳು ಕೊಯ್ದುಕೊಂಡು, ಅದೇ ಕೇಬಲ್ ಸಿಗಿಸಲು ಮರೆತಿದ್ದಳು. ಪೆಟ್ರೋಲ್ ಬಂಕಿನಲ್ಲಿ ಕಿಟಕಿಯಿಂದ ಕೈ ಹೊರಗೆ ಹಾಕಿ ಬಾಗಿಲು ತೆಗೆದುಕೊಂಡು ಇಳಿದಾಗ ನಾಲ್ಕು ಜನ ನಕ್ಕಿದ್ದರು. ತನಗೆ ನಗೆಪಾಟಲಾದದ್ದು ಇನ್ನೊಬ್ಬಳಿಗೆ ಸಾವಾಯಿತಲ್ಲ ಎಂದುಕೊಂಡಳು.

*

ತಂಗಿ ಅಡುಗೆಮನೆಯ ನೆಲದ ಮೇಲೆ ಕೂತಿದ್ದಳು. ಅಕ್ಕನಿಗೆ ಲಕ್ವ ಹೊಡೆದ ದಿನದಿಂದ ಈ ಮನೆಯಲ್ಲೇ ಇದ್ದು ಅಕ್ಕನ ಮೈ ಒರೆಸಿದವಳು. ಕಿಟಕಿಯಾಚೆ ಬೀದಿ ಆಗಲೇ ತೀರ್ಪು ಕೊಟ್ಟಾಗಿತ್ತು. ಬಾತ್‌ರೂಮಿನಲ್ಲಿ ಮೈಮರೆತು ಕೂತು ಒಡಹುಟ್ಟಿದವಳನ್ನೇ ಕೊಂದಳು ಎನ್ನುವುದು ಪಿಸುಮಾತಿಗಿಂತ ತುಸು ಗಟ್ಟಿಯಾಗಿಯೇ ಕೇಳುತ್ತಿತ್ತು.

"ಭಾವ ಹೇಳಿದ್ದು ಕೇಳಿಸ್ತಾ?"

"ಇಲ್ಲ ಮೇಡಂ. ಹೇಳಿರಬಹುದು. ನಂಗೇ ಕೇಳಿಸಿಲ್ಲ ಅನ್ಸುತ್ತೆ. ಅವರು ಸುಳ್ಳು ಹೇಳಲ್ಲ."

"ಅಕ್ಕ ಎಲ್ಲಿದ್ದಾರೆ ಅಂದ್ಕೊಂಡಿದ್ರಿ?"

"ರೂಮಲ್ಲಿ. ಬಾಗಿಲು ಹಾಕಿತ್ತು. ಮಲಗಿದ್ದಾಳೆ ಅಂದ್ಕೊಂಡೆ. ನಿದ್ದೆ ಬಂದಾಗ ಎಬ್ಬಿಸಬಾರದು ಅಂತ ಭಾವ ಹೇಳಿದ್ರು."

"ಭಾವ?"

"ಶೆಡ್ಡಲ್ಲಿ, ಕಾರಿನ ಕೆಲಸದಲ್ಲಿ. ಮಧ್ಯಾಹ್ನ ಟಣ್ ಟಣ್ ಅಂತ ಸದ್ದು ಬರ್ತಿತ್ತು. ಒಂದು ವಾರದಿಂದ ಅದೇ ಗೋಳು. ಸುತ್ತಿಗೆ ತಗೊಂಡು ಕುಟ್ಟಿದ್ದೂ ಕುಟ್ಟಿದ್ದೇ."

ಇನ್ಸ್‌ಪೆಕ್ಟರಮ್ಮನ ಪೆನ್ನು ನಿಂತಿತು.

ಮಧ್ಯಾಹ್ನ ಭಾವ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿದ್ದ. ನಾಲ್ಕು ಅಂಗಡಿಯವರು ಸಾಕ್ಷಿ ಹೇಳುತ್ತಾರೆ. ಹಾಗಾದರೆ ಶೆಡ್ಡಿನಲ್ಲಿ ಕುಟ್ಟುತ್ತಿದ್ದವರು ಯಾರು? ಉತ್ತರ ಎದುರಿಗೇ ಇತ್ತು. ತಂಗಿಗೆ ಮಾತ್ರ ಅದು ಇನ್ನೂ ಹೊಳೆದಿರಲಿಲ್ಲ. ಇನ್ಸ್‌ಪೆಕ್ಟರಮ್ಮ ಅವಳ ಮುಖ ನೋಡಲಾರದೆ ಎದ್ದು ಹೊರಗೆ ಬಂದಳು.

"ಮೀಸೆ, ಈ ಕೆಲಸಕ್ಕೆ ಸುತ್ತಿಗೆ ಯಾಕ್ರೀ ಬೇಕು?"

"ಯಾವ ಕೆಲಸಕ್ಕೆ ಮೇಡಂ?"

"ಹ್ಯಾಂಡಲ್ ಹಾಕೋಕೆ. ಸ್ಕ್ರೂಡ್ರೈವರ್ ಬೇಕು, ಸ್ಪ್ಯಾನರ್ ಬೇಕು. ಪ್ಯಾನೆಲ್ ಕೂರಿಸೋಕೆ ಅಂಗೈಯಲ್ಲಿ ನಾಲ್ಕು ಗುದ್ದು ಹಾಕಿದ್ರೆ ಮುಗೀತು. ನನ್ನಂಥ ದಡ್ಡಿಗೇ ಅರ್ಧ ದಿನ ಹಿಡೀತು. ಇವನು ಒಂದು ವಾರ ಏನನ್ನ ಕುಟ್ಟಿದ?"

ಅವಳು ಸ್ಕ್ರೂಡ್ರೈವರ್ ತರಿಸಿ ಶೆಡ್ಡಿಗೆ ನುಗ್ಗಿದಳು.

*

ಮರುದಿನ ಬೆಳಿಗ್ಗೆ ಪುಣ್ಯಾತ್ಮನನ್ನು ಶೆಡ್ಡಿಗೆ ಕರೆಸಿದರು. ಕಾರಿನ ನಾಲ್ಕೂ ಬಾಗಿಲಿನ ಒಳಗಿನ ಪ್ಯಾನೆಲ್ ಕಳಚಿ ನೆಲದ ಮೇಲೆ ಹರಡಿತ್ತು.

"ಹಿಂದಿನ ಬಾಗಿಲ ಪ್ಯಾನೆಲ್ ಯಾಕೆ ಬಿಚ್ಚಲಿಲ್ಲ ನೀವು?" ಇನ್ಸ್‌ಪೆಕ್ಟರಮ್ಮ ಕೇಳಿದಳು.

"ಬಿಚ್ಚಿಲ್ಲ ಅಂತ ಹ್ಯಾಗೆ ಹೇಳ್ತೀರಿ?"

"ಮುಂದಿನವು ನಾನು ಎಳೆದ ತಕ್ಷಣ ಬಂದ್ವು. ಹಿಂದಿನವಕ್ಕೆ ಜೋತು ಬೀಳಬೇಕಾಯ್ತು. ಕ್ಲಿಪ್ಪೆಲ್ಲ ಪಟಪಟ ಮುರಿದ್ವು. ಒಳಗಿನ ಪ್ಲಾಸ್ಟಿಕ್ ಹಾಳೆ ನೋಡಿ. ಹಿಂದಿನ ಬಾಗಿಲಲ್ಲಿ ಕಂಪನಿಯವರು ಹಾಕಿದ ಕಪ್ಪು ಅಂಟು ಹಾಗೇ ಇದೆ. ಮುಂದಿನವನ್ನ ಬ್ಲೇಡಿನಲ್ಲಿ ಕೊಯ್ದು ಟೇಪ್ ಹಚ್ಚಿದ್ದೀರಿ."

ಅವನು ಸಮಾಧಾನದಿಂದಲೇ ಹೇಳಿದ. "ಬೇಕಾಗ್ಲಿಲ್ಲ ಮೇಡಂ. ಬಾಗಿಲ ಅಂಚಲ್ಲಿ ರಬ್ಬರ್ ಮುಚ್ಚಳ ಇದೆ. ಅದರ ಕೆಳಗೆ ಒಂದು ಸ್ಕ್ರೂ. ಸಡಿಲಿಸಿದ್ರೆ ಹ್ಯಾಂಡಲ್ ಹೊರಗಿಂದಲೇ ಬರುತ್ತೆ."

"ಮುಂದಿನ ಬಾಗಿಲಿಗೂ ಅದೇ ಸ್ಕ್ರೂ ಇದೆಯಲ್ಲ."

"ಅದು ಆಮೇಲೆ ಗೊತ್ತಾಯ್ತು. ಮುಂದಿನದನ್ನ ಕಿತ್ತು ಹಾಕಿ ಕಷ್ಟಪಟ್ಟ ಮೇಲೆ ಕಲಿತೆ."

"ಹಾಗಾದ್ರೆ ಮುಂದಿನದು ಮೊದಲು ಮಾಡಿದ್ರಿ."

"ಹೂಂ."

"ನಿನ್ನೆ ಹಿಂದಿನದು ಮೊದಲು, ಮುಂದಿನದು ಅವತ್ತು ಬೆಳಿಗ್ಗೆ ಅಂದಿರಿ. ಮೀಸೆ ಬರ್ಕೊಂಡಿದ್ದಾನೆ, ನೀವು ಸಹಿ ಹಾಕಿದ್ದೀರಿ."

ಪುಣ್ಯಾತ್ಮ ಜೇಬಿನಿಂದ ಕರ್ಚೀಫು ತೆಗೆದ.

"ಮುಂದಿನದು ಮೊದಲೇ ಮಾಡಿದ್ರೆ ವಾರವೆಲ್ಲ ಈ ಕಾರಿಂದ ಹ್ಯಾಗೆ ಇಳಿದ್ರಿ? ಮೊನ್ನೆ ಆಸ್ಪತ್ರೇಲಿ ನಿಮ್ಮ ನಾದಿನಿ ಮುಂದಿನ ಬಾಗಿಲನ್ನ ಒಳಗಿಂದ ತೆಗೆದುಕೊಂಡೇ ಇಳಿದಿದ್ದಾಳೆ. ಆ ಬಾಗಿಲಿಗೆ ಆಗ ಹಳೇ ಬಿರುಕು ಹ್ಯಾಂಡಲ್ಲೇ ಇತ್ತಂತೆ. ಅಂದ್ರೆ ನೀವು ನಿನ್ನೆ ಹೇಳಿದ್ದೇ ನಿಜ. ಹಿಂದಿನ ಬಾಗಿಲಲ್ಲಿ ಒಂದೇ ಸ್ಕ್ರೂ ಸಾಕು ಅಂತ ಕಲಿತು, ಆಮೇಲೆ ಮುಂದಿನೆರಡರ ಪ್ಯಾನೆಲ್ ಬಿಚ್ಚಿದ್ದೀರಿ. ಹ್ಯಾಂಡಲ್‌ಗೋಸ್ಕರ ಅಲ್ಲ. ಕೇಬಲ್ ಕಳಚೋದಕ್ಕೆ. ಹಿಂದೆ ಚೈಲ್ಡ್ ಲಾಕ್ ಇತ್ತು. ಆ ಲಾಕ್ ಇಲ್ಲದ ಎರಡು ಬಾಗಿಲನ್ನ ಮಾತ್ರ ಬಿಚ್ಚಿದ್ದೀರಿ. ಮರೆವು ಅಷ್ಟು ಲೆಕ್ಕಾಚಾರ ಹಾಕಿ ಬರುತ್ತಾ?"

ಅವನು ನೆಲದ ಮೇಲಿನ ಪ್ಯಾನೆಲ್‌ಗಳತ್ತ ನೋಡಿದ.

"ಇನ್ನು ಸುತ್ತಿಗೆ. ಬೇಡದ ಕೆಲಸಕ್ಕೆ ವಾರವೆಲ್ಲ ಸುತ್ತಿಗೆ ಹೊಡೆದ್ರಿ. ಮನೆಯವರಿಗೆ, ಬೀದಿಯವರಿಗೆ ಶೆಡ್ಡಿನ ಸದ್ದು ಅಭ್ಯಾಸ ಆಗ್ಲಿ ಅಂತ. ಒಳಗಿಂದ ಅವಳು ಎಷ್ಟೇ ಬಡಿದ್ರೂ, ಪುಣ್ಯಾತ್ಮ ಕಾರು ರಿಪೇರಿ ಮಾಡ್ತಿದ್ದಾನೆ ಅಂತ ಎಲ್ಲರೂ ಸುಮ್ಮನಿರಲಿ ಅಂತ. ಸುಮ್ಮನಿದ್ರು ಕೂಡ. ಬಾತ್‌ರೂಮ್ ಬಾಗಿಲ ಹತ್ರ ನೀವು ಏನೂ ಹೇಳ್ಲಿಲ್ಲ. ತಪ್ಪನ್ನೆಲ್ಲ ಆ ಹೆಣ್ಣುಮಗಳ ತಲೆಗೆ ಕಟ್ಟಿದ್ರಿ."

ಪುಣ್ಯಾತ್ಮ ಕರ್ಚೀಫನ್ನು ನೀಟಾಗಿ ಮಡಿಸಿ ಜೇಬಿಗಿಟ್ಟ. ಅವನ ಕಣ್ಣು ಒಣಗಿತ್ತು.

"ಹೋದ ತಿಂಗಳು ದೊಡ್ಡ ಡಾಕ್ಟರು ನನ್ನ ಕೈ ಕುಲುಕಿದ್ರು," ಎಂದ. "ಇನ್ನೇನೂ ಭಯ ಇಲ್ಲ, ಹೃದಯ ಗಟ್ಟಿಯಾಗಿದೆ, ಇನ್ನೂ ಇಪ್ಪತ್ತು ವರ್ಷ ಆರಾಮಾಗಿ ಬದುಕ್ತಾರೆ ಅಂದ್ರು. ನೀವು ಆರೈಕೆ ಮಾಡಿದ್ದಕ್ಕೇ ಹೀಗಾಯ್ತು ಅಂದ್ರು. ಇಪ್ಪತ್ತು ವರ್ಷ, ಮೇಡಂ. ನೀವೇ ಹೇಳಿ."

ಮೀಸೆ ಮೂವತ್ತು ವರ್ಷದ ನೌಕರಿಯಲ್ಲಿ ಕೈದಿಯ ಮೇಲೆ ಕೈ ಎತ್ತಿದವನಲ್ಲ. ಅವತ್ತು ಎತ್ತಿದ. ಇನ್ಸ್‌ಪೆಕ್ಟರಮ್ಮ ಅವನ ಮಣಿಕಟ್ಟು ಹಿಡಿದು ಕೆಳಗಿಳಿಸಿದಳು.

*

ಜೀಪು ಹೋಯಿತು. ಬೀದಿ ಮರುಕ್ಷಣವೇ ತನಗೆ ಮೊದಲಿಂದಲೂ ಅನುಮಾನವಿತ್ತು ಎಂದಿತು.

"ಮೇಡಂ," ಮೀಸೆ ಮೆಲ್ಲಗೆ ಹೇಳಿದ. "ಆ ಸದ್ದಿನ ವಿಷಯ ಬಿಟ್ಟುಬಿಡೋಣ. ಪ್ಯಾನೆಲ್ಲು, ಕೇಬಲ್ಲು ಇದೆಯಲ್ಲ. ಆ ಹುಡುಗಿಗೆ ಗೊತ್ತಾಗೋದು ಬೇಡ."

"ಅವನ ವಕೀಲ ಎದ್ದು ನಿಂತು, ದಡ್ಡ ಮನುಷ್ಯ, ಕೈತಪ್ಪು, ನಾದಿನಿಗೆ ಹೇಳಿ ಹೋಗಿದ್ದ ಅಂತಾನೆ. ಆಗ ಮತ್ತೆ ಅವಳೇ ಕಟಕಟೆ ಹತ್ತಬೇಕು. ಅವನು ವಾರವೆಲ್ಲ ಸುಮ್ಮಸುಮ್ಮನೆ ಕುಟ್ಟಿದ್ದು, ಅವನಿಲ್ಲದಾಗ ಸದ್ದು ಬಂದಿದ್ದು, ಎರಡನ್ನೂ ಹೇಳಬಲ್ಲವಳು ಅವಳೊಬ್ಬಳೇ."

"ಹೇಳಿದ್ರೆ ಅವಳು ಬದುಕ್ತಾಳಾ ಮೇಡಂ?"

ಇನ್ಸ್‌ಪೆಕ್ಟರಮ್ಮ ಅಡುಗೆಮನೆಗೆ ಹೋಗಿ ತಂಗಿಯ ಎದುರು ನೆಲದ ಮೇಲೆಯೇ ಕೂತಳು. ಸುತ್ತಿ ಬಳಸದೆ ಹೇಳಿದಳು. ಭಾವ ನಿಮಗೇನೂ ಹೇಳಿರಲಿಲ್ಲ, ನಿಮ್ಮದೇನೂ ತಪ್ಪಿಲ್ಲ, ಕೊಂದವನು ಅವನೇ ಎಂದಳು. ತಂಗಿ ಎಲ್ಲವನ್ನೂ ಕೇಳಿಸಿಕೊಂಡಳು. ಅಳಲಿಲ್ಲ.

"ಭಾವ ಮಧ್ಯಾಹ್ನ ಶೆಡ್ಡಲ್ಲಿ ಇರ್ಲಿಲ್ವಾ?"

"ಇರ್ಲಿಲ್ಲಮ್ಮ."

ತಂಗಿ ಬಹಳ ಹೊತ್ತು ತನ್ನ ಅಂಗೈ ನೋಡಿಕೊಂಡಳು. ಹೊರಗೆ ಯಾರೋ ನಲ್ಲಿ ತಿರುಗಿಸಿದರು. ಬಕೆಟ್ಟಿಗೆ ನೀರು ಬೀಳತೊಡಗಿತು.

"ಬರ್ಕೊಳ್ಳಿ ಮೇಡಂ," ಎಂದಳು. "ಊಟ ಮಾಡ್ತಿದ್ದೆ. ಸದ್ದು ಶುರುವಾಯ್ತು. ಮೊದಲು ಜೋರಾಗಿತ್ತು. ತಟ್ಟೆ ತೊಳೆದು ಮುಗಿಸೋವರೆಗೂ ನಿಲ್ಲಲಿಲ್ಲ. ನಂಗೆ ಸಿಟ್ಟು ಬಂತು. ಈ ಕಿಟಕಿಯಿಂದ ಶೆಡ್ಡಿನ ಕಡೆ ಕೂಗಿದೆ."

"ಏನಂತ?"

"ಸಾಕು ನಿಲ್ಸಿ ಭಾವ, ಅಕ್ಕ ಮಲಗಿದ್ದಾಳೆ ಅಂತ."

ಇನ್ಸ್‌ಪೆಕ್ಟರಮ್ಮ ಬರೆದುಕೊಂಡಳು.

"ನಿಂತಿತಾ?"

"ಸ್ವಲ್ಪ ಹೊತ್ತು ನಿಂತಿತ್ತು. ಆಮೇಲೆ ಮತ್ತೆ ಶುರುವಾಯ್ತು, ಮೊದಲಿಗಿಂತ ಬೇಗ ಬೇಗ. ಹೇಳಿದ್ರೂ ಕೇಳಲ್ವಲ್ಲ ಅಂತ ನಾನು ಕಿಟಕಿ ಹಾಕ್ಕೊಂಡು ಮಲಗಿದೆ."