ಹಿಮ್ಮಡಿ ಇಳಿಸುವ ಪದ್ಯ

"ಅವನಿಗೆ ಅಲ್ಲಿ ಚಳಿ ಆಗ್ತಿರುತ್ತಾ?"

ನಲ್ಲಿಯ ಕೆಳಗೆ ಲೋಟ ಹಿಡಿದು ನಿಂತಿದ್ದ ಅತ್ತೆ ಯಾರನ್ನೂ ಕೇಳಲಿಲ್ಲ, ಸುಮ್ಮನೆ ಅಂದರು. ಲೋಟ ತುಂಬಿ ನೀರು ಚೆಲ್ಲುತ್ತಿತ್ತು. ಮೇಜಿನ ಮೇಲೆ ಹಗ್ಗ ಹರಡಿಕೊಂಡು, ಎಲ್ಲಾದರೂ ಸವೆದಿದೆಯೇ ಎಂದು ಬೆರಳಲ್ಲಿ ತಡವುತ್ತಿದ್ದ ಸೊಸೆ ಎದ್ದು ನಲ್ಲಿ ನಿಲ್ಲಿಸಿದಳು.

"ನಾಳೆ ಕರ್ಕೊಂಡು ಬರ್ತೀವಿ ಅತ್ತೆ."

ಅಳು ಬರಬೇಕಿತ್ತು. ಬರಲಿಲ್ಲ. ಮತ್ತೆ ಹಗ್ಗ ತಡವಿದಳು.

ಹಿಂದಿನ ವರ್ಷ ಜೊತೆಗಾರರೊಂದಿಗೆ ಗುಹೆ ಸುತ್ತಲು ಹೋದಾಗ ಒಳಗೆ ಬಂಡೆ ಕಳಚಿ ಅವಳ ಗಂಡ ಸತ್ತಿದ್ದ. ಅವನತ್ತ ಓಡುವ ಅವಸರದಲ್ಲಿ ಅವಳು ಎತ್ತರದ ಕಲ್ಲಿನಿಂದ ಹಾರಿದಳು. ಯಾರೋ ಹಿಂದಿನಿಂದ ಕಾಲಿಗೆ ಒದ್ದಂತಾಯಿತು. ತಿರುಗಿದರೆ ಯಾರೂ ಇಲ್ಲ, ಹಿಮ್ಮಡಿಯ ಮೇಲಿನ ನಾರು ಹರಿದಿತ್ತು. ಜೊತೆಗಾರರು ಬದುಕಿದವಳನ್ನು ಹೊತ್ತು ತಂದರು, ಸತ್ತವನನ್ನು ಬಿಟ್ಟು ಬಂದರು. ಮಳೆ ಹಿಡಿದು ಗುಹೆ ತುಂಬಿತು. "ಒಂದು ಹೆಣಕ್ಕೆ ಇನ್ನೊಂದು ಹೆಣ ಬೇಡ" ಎಂದು ರಕ್ಷಣಾ ದಳದವರು ಕೈತೊಳೆದುಕೊಂಡರು.

ಹಾಗಾಗಿ ಈಗ ಹೊರಟವರು ಮೂವರೇ. ಎತ್ತರದ ಕಟ್ಟಡಗಳ ಮೇಲಿಂದ ಹಗ್ಗದಲ್ಲಿ ಇಳಿದು ಗಾಜು ಒರೆಸುವ ಈ ಸೊಸೆ, ಅವಳ ಮೈದುನ, ಮತ್ತು ಮೇಷ್ಟ್ರು. ಮೇಷ್ಟ್ರು ಅಂದರೆ ಪಾಠದ ಮೇಷ್ಟ್ರಲ್ಲ, ಮುರಿದ ಮೈಯನ್ನು ಮತ್ತೆ ನಡೆಸುವವರು. ಗುಹೆ ಹೊಕ್ಕು ಹೊಕ್ಕೇ ತಲೆ ನರೆಸಿಕೊಂಡವರು.

ವ್ಯಾಯಾಮಶಾಲೆಯ ನೆಲಮಾಳಿಗೆಯಲ್ಲಿ ಇಬ್ಬರನ್ನೂ ಅವರು ವರ್ಷವಿಡೀ ಪಳಗಿಸಿದ್ದರು. ಮೆಟ್ಟಿಲಿನ ಅಂಚಿಗೆ ಬರೀ ಮುಂಗಾಲು, ಬೆನ್ನಿಗೆ ಮರಳಿನ ಚೀಲ, ಹಿಮ್ಮಡಿ ಗಾಳಿಯಲ್ಲಿ. ನಿಧಾನವಾಗಿ ಇಳಿಸಬೇಕು, ಹಿಡಿದು ನಿಲ್ಲಬೇಕು. ಎಷ್ಟು ಹೊತ್ತು? ಗಡಿಯಾರವಿಲ್ಲ. ಮೇಷ್ಟ್ರಿಗೆ ಅಜ್ಜಿ ಬಾಯಿಪಾಠ ಮಾಡಿಸಿದ್ದ ಆರು ಸಾಲಿನ ದೇವರ ಪದ್ಯವೊಂದಿತ್ತು. ರಾಗ ಎಳೆದು ಅದನ್ನು ಹೇಳಿ ಮುಗಿಸುವಷ್ಟು ಹೊತ್ತು.

"ಮಾಂಸ ಬೇಗ ಉಬ್ಬುತ್ತೆ," ಅನ್ನುತ್ತಿದ್ದರು. "ಅದನ್ನ ಮೂಳೆಗೆ ಕಟ್ಟಿರೋ ನಾರಿದೆಯಲ್ಲ, ಅದು ಸೋಮಾರಿ. ತಿಂಗಳುಗಟ್ಟಲೆ ಕಾಯಿಸುತ್ತೆ. ಅವಸರ ಮಾಡಿದ್ರೆ ಹರಿಯುತ್ತೆ."

ಮೈದುನನ ತೋಳು ತೊಡೆ ಬೇಗನೆ ಉಬ್ಬಿದವು. ಅವನು ಪದ್ಯವನ್ನು ಗಡಗಡನೆ ಒದರಿ ಅರ್ಧ ಹೊತ್ತಿಗೇ ಇಳಿದುಬಿಡುತ್ತಿದ್ದ.

"ಇದೇನು ಪದ್ಯವೋ, ಬಸ್ಸಿನವನು ಊರ ಹೆಸರು ಕೂಗೋದೋ?"

"ಮುಗೀತಲ್ಲ ಮೇಷ್ಟ್ರೇ. ದೇವರಿಗೆ ಬೇಗ ಹೇಳಿದ್ರೂ ಕೇಳ್ಸುತ್ತೆ."

"ದೇವರಿಗೆ ಕೇಳ್ಸುತ್ತೆ ಕಣೋ. ನಿನ್ನ ಹಿಮ್ಮಡಿಗೆ ಕೇಳ್ಸಲ್ಲ."

ಸೊಸೆ ಮಾತ್ರ ಒಂದಕ್ಷರ ನುಂಗುತ್ತಿರಲಿಲ್ಲ. ಭಕ್ತಿಯಿಂದಲ್ಲ. ಅವಳಿಗೆ ಬೇರೆ ಏನೂ ಮಾಡಲು ತೋಚುತ್ತಿರಲಿಲ್ಲ.

ಮರುದಿನ ಬೆಳಗಾಗುತ್ತಲೇ ಮೂವರೂ ಗುಹೆ ಹೊಕ್ಕರು. ಅತ್ತೆ ಕಂಬಳಿ ಹಾಸಿಕೊಂಡು ಗುಹೆಯ ಬಾಯಲ್ಲೇ ಕೂತರು. ಒಳಗೆ ಹೋದಂತೆ ಗೋಡೆಗಳು ಹತ್ತಿರ ಬಂದವು, ಮತ್ತೆ ದೂರ ಸರಿದವು. ತಲೆದೀಪದ ಬೆಳಕಿಗೆ ಮೇಲಿಂದ ಇಳಿಬಿದ್ದ ಸುಣ್ಣಕಲ್ಲುಗಳು ಹಸುವಿನ ಕೆಚ್ಚಲಿನಂತೆ ಹೊಳೆದವು. ಒಂದೊಂದರ ತುದಿಯಲ್ಲೂ ಬೀಳಲು ಮನಸ್ಸಿಲ್ಲದ ಒಂದೊಂದು ಹನಿ. ಕಾಲಡಿಯ ತೊರೆ ಮೊದಲು ಪಾದ ಮುಟ್ಟಿತು, ಆಮೇಲೆ ಮೊಣಕಾಲು, ಆಮೇಲೆ ಸೊಂಟ. ನೀರು ಎಷ್ಟು ತಣ್ಣಗಿತ್ತೆಂದರೆ ಕೊಂಚ ಹೊತ್ತಿಗೆ ತಣ್ಣಗಿದೆ ಅನ್ನುವುದೂ ತಿಳಿಯದಾಯಿತು.

ಅವನು ಬಿದ್ದಲ್ಲೇ, ಬಂಡೆಯ ಸಂದಿಯಲ್ಲೇ ಇದ್ದ; ಮುಖ ಮಾತ್ರ ಉಳಿದಿರಲಿಲ್ಲ. ಮೈದುನ ಗೋಡೆಗೆ ಮುಖ ಮಾಡಿ ನಿಂತ. ಮೇಷ್ಟ್ರು ಮತ್ತು ಸೊಸೆ ಸತ್ತವನನ್ನು ಉದ್ದ ಚೀಲಕ್ಕೆ ಹಾಕಿ ಜಿಪ್ ಎಳೆದರು. ಅವಳು ಚೀಲವನ್ನು ಬೆನ್ನಿಗೆ ಕಟ್ಟಿಕೊಂಡಳು. ಅವನು ತುಂಬ ಹಗುರವಾಗಿದ್ದ.

ಅರ್ಧ ದಾರಿ ಮರಳಿದಾಗ ತೊರೆ ಕೆಂಪಾಯಿತು.

"ಮೇಲೆಲ್ಲೋ ಮಳೆ!" ಮೇಷ್ಟ್ರು ಕೂಗಿದರು. "ನಡೀರಿ!"

ಮುಂದೆ ಕಿರಿದಾದ ಕಲ್ಲಂಚು. ಕೆಳಗೆ ಮಡು, ಅದರಾಚೆ ನೀರು ಕತ್ತಲಿಗೆ ಬಿದ್ದು ಮಾಯವಾಗುವ ಕಂಡಿ. ಹಗ್ಗದಲ್ಲಿ ಇಳಿದು ಮಡುವಿನ ಅಂಚು ಹಿಡಿದು ದಾಟಬೇಕು.

"ಹೊತ್ತಿಲ್ಲ ಅತ್ತಿಗೆ, ಹಾರ್ತೀನಿ!"

"ಹಾರಬೇಡ. ಇಳಿ."

ಹಾರಿಯೇಬಿಟ್ಟ.

ಕಾಲು ನೆಲ ಮುಟ್ಟಿತು. ಪಟ್ ಎಂದಿತು. ಮೈದುನ ತಿರುಗಿ ನೋಡಿದ, ಯಾರು ಒದ್ದರೆಂದು.

ನೀರು ಅವನನ್ನು ಕೆಡವಿತು. ಕಂಡಿಯತ್ತ ಎಳೆಯಿತು. ಅವನ ಸೊಂಟದ ಹಗ್ಗ ಸೊಸೆಯ ಸೊಂಟಕ್ಕಿತ್ತು. ಬಿಗಿಯಿತು.

ಅವಳು ಜಾರಿದಳು, ನಿಂತಳು. ಕಲ್ಲಂಚಿಗೆ ಬರೀ ಮುಂಗಾಲು. ಹಿಮ್ಮಡಿ ಗಾಳಿಯಲ್ಲಿ. ಬೆನ್ನ ಮೇಲೆ ಗಂಡ, ಹಗ್ಗದ ತುದಿಗೆ ಅವನ ತಮ್ಮ.

"ಅಣ್ಣನ್ನ ಬಿಡಿ ಅತ್ತಿಗೆ! ಭಾರ ಇಳ್ಸಿ!"

"ಬಾಯ್ಮುಚ್ಕೊಂಡು ಹಗ್ಗ ಹಿಡ್ಕೋ!"

ಮೇಷ್ಟ್ರು ಆಗಲೇ ಗೋಡೆಗೆ ಅಂಟಿ ಇಳಿಯುತ್ತಿದ್ದರು. ನೋವು ಬಂದರೆ ಹೇಳು, ನೋವೇ ಕಾವಲುಗಾರ ಅಂತ ಪಳಗಿಸುವಾಗ ಅವರು ಅಂದಿದ್ದರು. ಬರಲಿಲ್ಲ. ತಣ್ಣೀರಲ್ಲಿ ಕಾವಲುಗಾರ ಮಲಗಿಬಿಟ್ಟಿದ್ದ. ನಾರು ಹಿಡಿದಿದೆಯೋ ಹರಿಯುತ್ತಿದೆಯೋ ತಿಳಿಯಲು ಅವಳಿಗೆ ದಾರಿಯೇ ಇರಲಿಲ್ಲ.

ಪದ್ಯ ಹೇಳಿದಳು. ಗಟ್ಟಿಯಾಗಿ, ರಾಗ ಎಳೆದು, ಒಂದೊಂದೇ ಸಾಲು. ಮುಗಿಯಿತು. ಮೇಷ್ಟ್ರು ಇನ್ನೂ ತಲುಪಿರಲಿಲ್ಲ. ಮೊದಲಿಂದ ಶುರುಮಾಡಿದಳು. ಅವಸರಪಡಲಿಲ್ಲ. ಹಿಮ್ಮಡಿ ಕೂದಲೆಳೆಯಷ್ಟು ಇಳಿಯಿತು, ಅಲ್ಲೇ ನಿಂತಿತು.

"ಸಿಕ್ಕಿದ!" ಕೆಳಗಿಂದ ದನಿ ಬಂತು. "ಸಾಕು, ಉಸಿರು ಬಿಡು!"

ಅವಳು ಆ ಸಾಲು ಮುಗಿಸಿಯೇ ಉಸಿರು ಬಿಟ್ಟಳು.

ಹೊರಗೆ ಬಂದಾಗ ಬಿಸಿಲಿತ್ತು. ಮೈದುನ ಮೇಷ್ಟ್ರ ಹೆಗಲಿಗೆ ಜೋತು ಕುಂಟುತ್ತಿದ್ದ. "ನಾಳೆಯಿಂದ ನಿಧಾನವಾಗಿ ಹೇಳ್ತೀನಿ ಮೇಷ್ಟ್ರೇ."

"ನಾಳೆ ಆಪರೇಷನ್ನು. ಡಾಕ್ಟರು ಮಂಪರಿನ ಮದ್ದು ಕೊಟ್ಟಾಗ ಹೇಳು." ಮೇಷ್ಟ್ರು ಸೊಸೆಯತ್ತ ತಿರುಗಿದರು. "ನಿನಗೆ ನೋಯ್ತಿದೆಯಾ?"

ಕಾಲಿನ ಜೋಮು ಬಿಡುತ್ತಿತ್ತು. "ಸ್ವಲ್ಪ."

"ಒಳ್ಳೇದು."

ಅವಳು ಮಂಡಿ ಮಡಿಸಿ, ನಿಧಾನವಾಗಿ, ಚೀಲವನ್ನು ಕಂಬಳಿಯ ಮೇಲೆ ಇಳಿಸಿದಳು. ಅತ್ತೆಗೆ ಹೇಳಿದ್ದು ಮಾಡಿದ್ದಾಗಿತ್ತು. ಅಷ್ಟು ಸಾಕು ಅನ್ನಿಸಿತು.

ಅತ್ತೆ ಮೊದಲು ಕುಂಟುವ ಮಗನ ಕೆನ್ನೆಗೊಂದು ಕೊಟ್ಟರು, ಆಮೇಲೆ ಅದೇ ಕೆನ್ನೆ ಸವರಿದರು. ಬಂದು ಚೀಲದ ಪಕ್ಕ ಕೂತರು.

"ಮುಖ ತೋರ್ಸಮ್ಮ."

"ಇಲ್ಲ ಅತ್ತೆ."

"ಹೆತ್ತವಳು ಕಣೇ ನಾನು. ಒಂದೇ ಸಲ."

ಸೊಸೆ ಜಿಪ್ಪಿನ ಮೇಲೆ ಅಂಗೈ ಊರಿದಳು.

"ತೋರ್ಸಲ್ಲ."