ಕಾಣೆಯಾದ ಒಂಬತ್ತು ಕಾಳು

ಆ ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಹೊಲಿಗೆಯಕ್ಕ ನಮ್ಮ ಬಾಗಿಲು ತಟ್ಟಿದಾಗ ಅಳತೆಯ ಟೇಪು ಅವಳ ಕೊರಳಲ್ಲೇ ಜೋತಾಡುತ್ತಿತ್ತು. ಕೈಯಲ್ಲೊಂದು ಗಾಜಿನ ಬಾಟಲಿ, ಕಂಕುಳಲ್ಲೊಂದು ನೋಟುಬುಕ್ಕು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಸಂಜೆ ಐದಕ್ಕೆ ಟೆರೇಸಿನ ಮೇಲೆ ಮೀಟಿಂಗಂತೆ. ಅದು ಮುಗಿದ ಮೇಲೆ ನಾನು ಕೋಣೆ ಖಾಲಿ ಮಾಡ್ಬೇಕಂತೆ," ಎಂದಳು. "ಬೀಜ ಕದ್ದೋಳೂ ನಾನೇ, ಕೊಂದೋಳೂ ನಾನೇ. ತೀರ್ಮಾನ ಆಗ್ಹೋಗಿದೆ ಅಕ್ಕ. ನನ್ನನ್ನ ಕೇಳೋದೊಂದು ಬಾಕಿ."

"ಕೇಳೋಕೆ ನಾವಿದೀವಲ್ಲ," ಎಂದಳು ನನ್ನ ನಾದಿನಿ. "ಮೊದಲು ಕೂತ್ಕೋ. ನಿಂತು ಹೇಳಿದ ಮಾತು ಅರ್ಧ ಬಾಗಿಲ ಕಡೆಗೇ ಹೋಗುತ್ತೆ."

ನನ್ನ ನಾದಿನಿ ಮೂವತ್ತು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ಗಾಜಿನ ಪಟ್ಟಿಯ ಮೇಲಿನ ರಕ್ತದ ಹನಿ ನೋಡುತ್ತ ಕಳೆದವಳು. ನಮ್ಮ ಕಟ್ಟಡದ ಎಂಟು ಮನೆಗಳಲ್ಲಿ ಉಂಗುರ ಕಳೆದರೂ ಕಾಗದ ಕಾಣೆಯಾದರೂ ಮೊದಲು ನೆನಪಾಗುವವಳು ಅವಳೇ. ಬೆನ್ನ ಹಿಂದೆ ಎಲ್ಲರೂ ಅವಳನ್ನು 'ಭೂತಗನ್ನಡಿ' ಎನ್ನುತ್ತಾರೆ. ಅದು ಅವಳಿಗೆ ಗೊತ್ತು, ಒಳಗೊಳಗೇ ಖುಷಿಯೂ ಇದೆ. ನಾನು ಅವಳ ಅಣ್ಣನ ಹೆಂಡತಿ. ಅವರು ತೀರಿಕೊಂಡ ಮೇಲೆ ಎರಡು ಪೆಟ್ಟಿಗೆ ಹಿಡಿದು ಇಲ್ಲಿಗೆ ಬಂದಾಗ ಅವಳು ಸಮಾಧಾನದ ಒಂದು ಮಾತನ್ನೂ ಆಡಲಿಲ್ಲ. ಬಟ್ಟೆಯ ಬೀರುವಿನಲ್ಲಿ ಅರ್ಧ ಜಾಗ ಖಾಲಿ ಮಾಡಿಟ್ಟಿದ್ದಳು, ಅಷ್ಟೇ. ಅಂದಿನಿಂದ ಅವಳು ನೋಡುತ್ತಾಳೆ, ನಾನು ನೆನಪಿಟ್ಟುಕೊಳ್ಳುತ್ತೇನೆ.

ನಡೆದದ್ದು ಇಷ್ಟು. ನಮ್ಮ ಟೆರೇಸಿನ ತುಂಬ ತರಕಾರಿಯ ಕುಂಡಗಳು. ಪ್ರತಿ ಭಾನುವಾರ ಸಂಜೆ ಹೆಂಗಸರೆಲ್ಲ ಅಲ್ಲಿ ಸೇರಿ, ಟೊಮೇಟೊ ಎಲೆ ಮುರುಟಿದರೆ ಏನು ಮಾಡಬೇಕು, ಬದನೆ ಹೂ ಯಾಕೆ ಉದುರುತ್ತದೆ ಎಂದು ಒಬ್ಬರಿಗೊಬ್ಬರು ಹೇಳಿಕೊಡುತ್ತೇವೆ. ಉಳಿಸಿದ ಬೀಜವೆಲ್ಲ ಮೆಟ್ಟಿಲ ತುದಿಯ ಕಬ್ಬಿಣದ ಬೀರುವಿನಲ್ಲಿ ಬಾಟಲಿಗಳಲ್ಲಿರುತ್ತದೆ. ಇದನ್ನೆಲ್ಲ ಶುರು ಮಾಡಿದವರು ನಮ್ಮ ಎದುರು ಮನೆಯ ಹಿರಿಯಮ್ಮ. ಬಿಳಿ ಕಾಳಿನ ಮೇಲೆ ನೇರಳೆ ಚುಕ್ಕೆಯಿರುವ ಒಂದು ಬಳ್ಳಿ ಬೀನ್ಸನ್ನು ಅವರು ನಲವತ್ತು ವರ್ಷ ಬಿತ್ತಿ, ಬೆಳೆದು, ಮತ್ತೆ ಬಿತ್ತಿ ಉಳಿಸಿಕೊಂಡು ಬಂದಿದ್ದರು. ಆ ತಳಿಯನ್ನು ಬೇರೆಲ್ಲೂ ನಾವು ಕಂಡಿಲ್ಲ. ಹೋದ ವರ್ಷ ಸಾಯುವ ಮುಂಚೆ ಅವರು ಬೀರುವಿನ ಬೀಗದ ಕೈ ಕೊಟ್ಟದ್ದು ಜೊತೆಗಿದ್ದ ಮಗಳಿಗಲ್ಲ, ಟೆರೇಸಿನ ಒಂಟಿ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬದುಕುವ ಹೊಲಿಗೆಯಕ್ಕನಿಗೆ.

"ಎರಡು ತಿಂಗಳ ಹಿಂದೆ ಹತ್ತು ಕಾಳು ಒದ್ದೆ ಬಟ್ಟೇಲಿ ಸುತ್ತಿಟ್ಟು ನೋಡಿದೆ. ಒಂಬತ್ತು ಮೊಳಕೆ ಬಂತು," ಎಂದಳು ಹೊಲಿಗೆಯಕ್ಕ, ನೋಟುಬುಕ್ಕಿನ ಸಾಲು ತೋರಿಸುತ್ತ. "ಬಾಟಲೀಲಿ ಉಳಿದದ್ದು ಅರವತ್ತು. ಇಲ್ಲೇ ಬರ್ದಿದೀನಿ. ಹೋದ ವಾರದ ಹಿಂದಿನ ಭಾನುವಾರ ಮನೆಗೆ ಆರರಂತೆ ಹಂಚಿದೆ. ಎಂಟು ಮನೇಲಿ ಒಂದೇ ಒಂದು ಹುಟ್ಟಲಿಲ್ಲ. ಬುಧವಾರ ಮಣ್ಣು ಕೆದಕಿ ನೋಡಿದ್ರೆ ಎಲ್ಲ ಕೊಳೆತು ಮುದ್ದೆ."

"ಎಂಟಾರಲಿ ನಲವತ್ತೆಂಟು," ಎಂದಳು ನಾದಿನಿ.

"ಹೌದು. ಬಾಟಲೀಲಿ ಮೂರು. ಇನ್ನೂ ಒಂಬತ್ತು ಎಲ್ಲಿ? ಒಳ್ಳೇ ಕಾಳನ್ನ ಯಾರಿಗೋ ಕೊಟ್ಟು, ಎಲ್ಲಿಂದಲೋ ಹಾಳು ಕಾಳು ತಂದು ತುಂಬಿದಾಳೆ ಅಂತ ಹಿರಿಯಮ್ಮನ ಮಗಳು ಮನೆಮನೆಗೂ ಹೇಳ್ಕೊಂಡು ಬಂದಿದಾರೆ. ಬೀಗ ಒಡೆದಿಲ್ಲ, ಕೈ ನನ್ನ ಹತ್ರ. ನಾನೇನು ಹೇಳ್ಲಿ?"

"ಹಂಚೋವಾಗ ಕಾಳು ಹೇಗಿತ್ತು?"

"ಸಿಪ್ಪೆ ಸುಕ್ಕಾಗಿತ್ತು. ನನ್ನ ಹಾಗೇ ವಯಸ್ಸಾಯ್ತು ಪಾಪ ಅಂದ್ಕೊಂಡೆ." ನಗಲು ಹೋಗಿ, ಕೊರಳಿನ ಟೇಪನ್ನು ಬೆರಳಿಗೆ ಸುತ್ತಿಕೊಂಡಳು. "ಹನ್ನೊಂದು ವರ್ಷ ಆಯ್ತು ಅಕ್ಕ ಆ ಕೋಣೇಲಿ. ಈ ವಯಸ್ಸಲ್ಲಿ ಯಂತ್ರ ಹೊತ್ಕೊಂಡು ಎಲ್ಲಿಗೆ ಹೋಗ್ಲಿ?"

ಬಾಟಲಿ, ನೋಟುಬುಕ್ಕು ಎರಡನ್ನೂ ಬಿಟ್ಟು ಅವಳು ಹೋದ ಮೇಲೆ ನಾದಿನಿ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಚೀಟಿಯ ಮೇಲೆ ಹಿರಿಯಮ್ಮನ ಕೈಬರಹ, ನೀಲಿ ಶಾಯಿಯಲ್ಲಿ. ಅಕ್ಷರಗಳು ಹರಡಿ, ಕೆಳಗಿನ ಸಾಲು ಬರೀ ನೀಲಿ ಕಲೆಯಾಗಿತ್ತು.

"ಬೀರುವಿನೊಳಗೆ ನೀರು ಸೋರಿರಬೇಕು," ಎಂದೆ.

"ಹಾಗಾದ್ರೆ ಪಕ್ಕದ ಬಾಟಲಿಗಳ ಚೀಟಿಯೂ ಹೀಗೇ ಆಗಿರಬೇಕು. ಮೇಲೆ ಹೋಗಿ ನೋಡ್ಕೊಂಡು ಬನ್ನಿ ಅತ್ತಿಗೆ."

ಹೊಲಿಗೆಯಕ್ಕನಿಂದ ಬೀರು ತೆಗೆಸಿ ನೋಡಿ ಬಂದೆ. ಉಳಿದ ಚೀಟಿಗಳೆಲ್ಲ ಗರಿಗರಿಯಾಗಿದ್ದವು. ಅಷ್ಟರಲ್ಲಿ ಅವಳು ಉಳಿದ ಮೂರು ಕಾಳುಗಳನ್ನು ತಟ್ಟೆಗೆ ಸುರಿದು ಭೂತಗನ್ನಡಿ ಹಿಡಿದು ಬಗ್ಗಿದ್ದಳು. ಬಿಳಿ ಬಿಳಿಯಾಗಿಯೇ ಇತ್ತು, ಚುಕ್ಕೆಯ ಬಣ್ಣವೂ ಕೆಟ್ಟಿರಲಿಲ್ಲ. ಸಿಪ್ಪೆ ಮಾತ್ರ ನೆನೆದು ಒಣಗಿದ ಬೆರಳಿನ ಹಾಗೆ. ಮೂರನೆಯ ಕಾಳಿನ ಮೇಲೆ ಗುಂಡುಸೂಜಿಯ ತಲೆಯಷ್ಟು ಒಂದು ಮಬ್ಬು ವೃತ್ತ. ಬ್ಲೇಡಿನಿಂದ ಅದನ್ನು ಸೀಳಿದಳು. ಒಳಗಿನ ಪೊಳ್ಳಿನಲ್ಲಿ ಕಂದು ಬಣ್ಣದ ಒಂದು ಹುಳ, ರೆಕ್ಕೆ ಮೂಡಿ, ಕಾಲು ಮಡಚಿ, ಆ ವೃತ್ತದ ಬಾಗಿಲ ತನಕ ಬಂದು ಸತ್ತಿತ್ತು.

"ಇನ್ನೆರಡು ದಿನ ಸಿಕ್ಕಿದ್ದರೆ ತೂತು ಕೊರೆದು ಹೊರಗೆ ಬರ್ತಿತ್ತು. ಹುಳವೂ ಕಾಳೂ ಒಟ್ಟಿಗೇ ಸತ್ತಿವೆ," ಎಂದಳು. "ಇದನ್ನ ಯಾರಿಗೂ ಹೇಳ್ಬೇಡಿ. ಹೊಲಿಗೆಯಕ್ಕನಿಗೂ ಬೇಡ."

ಆಮೇಲೆ ನೋಟುಬುಕ್ಕು ತೆರೆದಳು. ಅದು ನಮ್ಮ ಸಲಹೆ ಪುಸ್ತಕ. ಬೀರುವಿನ ಹಿಡಿಗೆ ದಾರ ಕಟ್ಟಿ ತೂಗುಹಾಕಿರುತ್ತೇವೆ, ಯಾರು ಬೇಕಾದರೂ ಓದಬಹುದು. ಹಿರಿಯಮ್ಮ ಬರೆದ ಒಂದು ಪುಟದ ಕೊನೆಯ ಸಾಲಿನ ಮೇಲೆ ನಾದಿನಿಯ ಬೆರಳು ನಿಂತಿತು: 'ಕಾಳಿಗೆ ಹುಳ ಬಿದ್ದರೆ ಬಾಟಲಿ ಸಮೇತ ಫ್ರೀಜರಿನಲ್ಲಿ ನಾಲ್ಕು ದಿನ ಇಡಿ.' ಪುಟ ತಿರುಗಿಸಿ ಹಿಂಬದಿ ಓದಿದಳು. ಪುಸ್ತಕ ಮುಚ್ಚಿದಳು.

ಕೆಳಗಿನ ಮನೆಯಲ್ಲಿರುವ, ನಮ್ಮ ಕಟ್ಟಡದ ಸಂಘದ ಕಾರ್ಯದರ್ಶಿಗಳ ಮೇಲೆ ನನಗೆ ಅನುಮಾನವಿತ್ತು. ಹೊಲಿಗೆಯಕ್ಕನ ಕೋಣೆ ತಮ್ಮ ವ್ಯಾಯಾಮದ ಸಾಮಾನಿಗೆ ಬೇಕೆಂದು ಅವರು ಎರಡು ವರ್ಷದಿಂದ ಅದರ ಮೇಲೆ ಕಣ್ಣಿಟ್ಟಿದ್ದರು. ನಾದಿನಿ ಅವರನ್ನು ಕೇಳಿದ್ದು ಒಂದೇ ಪ್ರಶ್ನೆ: "ಬೀಜ ಉಳಿಸೋದು ಹೇಗೆ ಗೊತ್ತಾ ನಿಮಗೆ?"

"ಕುಂಡ ಅಂದ್ರೆ ನನಗೆ ಸೊಳ್ಳೆ, ಅಷ್ಟೇ," ಎಂದರು ಅವರು. "ಆ ಬೀರು ಯಾವ ಬಣ್ಣ ಅಂತ್ಲೂ ಗೊತ್ತಿಲ್ಲ. ನಿಯಮ ಅಂದ್ರೆ ನಿಯಮ. ಜವಾಬ್ದಾರಿ ಕೊಟ್ಟದ್ದು ಯಾರಿಗೆ? ಅವರಿಗೆ. ಮುಗೀತಲ್ಲ?"

ಮಧ್ಯಾಹ್ನ ಎದುರು ಮನೆಗೆ ಹೋದೆವು. ಹಿರಿಯಮ್ಮನ ಮಗಳು ಬಾಗಿಲನ್ನು ಅರ್ಧವೇ ತೆರೆದಳು. ಯಾವಾಗಲೂ ನಮ್ಮನ್ನು ನೇರ ಅಡುಗೆಮನೆಗೆ ಕರೆದೊಯ್ದು ಕೂರಿಸುವವಳು ಅಂದು ಹೊಸ್ತಿಲ ಬಳಿಯೇ ನಿಲ್ಲಿಸಿಕೊಂಡಳು.

"ಅಮ್ಮನ ಹತ್ರ ಬೀರುವಿನ ಇನ್ನೊಂದು ಬೀಗದ ಕೈ ಇತ್ತಲ್ಲ ತಾಯಿ?" ಎಂದಳು ನಾದಿನಿ.

"ಸಿಗಲೇ ಇಲ್ಲ ಚಿಕ್ಕಮ್ಮ, ಆಗಲೇ ಹೇಳಿದ್ನಲ್ಲ. ನೀವೂ ಅವಳ ಪರಾನಾ?" ಅವಳ ಕಣ್ಣು ಕೆಂಪಾಗಿತ್ತು. "ಹುಳ ಹಿಡಿದ ಕಾಳು ಕಾಪಾಡೋಕೆ ಬರದವಳ ಕೈಗೆ ಅಮ್ಮ ಬೀಗದ ಕೈ ಕೊಟ್ರು. ನಲವತ್ತೈದು ವರ್ಷ ಮಗಳಾಗಿದ್ದೆ ನಾನು. ಕೊನೇ ಎರಡು ವರ್ಷ ಅವರನ್ನ ಎತ್ತಿ ಕೂರಿಸಿ ಊಟ ಮಾಡಿಸಿದೋಳು ನಾನು. ನನ್ನ ಕೈಗೆ ಕೊಡಲಿಲ್ಲ."

ಆ ಕೊನೆಯ ಮಾತು ನನ್ನ ಎದೆಗೆ ನಾಟಿತು. ತಾಯಿಯ ಸೇವೆಯನ್ನೆಲ್ಲ ತಾನು ಮಾಡಿ, ನಂಬಿಕೆ ಮಾತ್ರ ಬೇರೆಯವರ ಪಾಲಾದಾಗ ಹೆಣ್ಣಿನ ಮನಸ್ಸು ಹೇಗೆ ಕುದಿಯುತ್ತದೆ ಎಂದು ನನಗೆ ಗೊತ್ತು. ಅದರ ಗುಂಗಿನಲ್ಲಿ ಉಳಿದ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ.

ನಮ್ಮ ಅಡುಗೆಮನೆಯ ಕಿಟಕಿ ಮತ್ತು ಅವಳದು, ಎರಡು ಮನೆಗಳ ನಡುವೆ ಗಾಳಿಗೆಂದು ಬಿಟ್ಟ ಸಂದಿಯ ಆಚೆ ಈಚೆ. ಪಾತ್ರೆ ತೊಳೆಯುತ್ತ ನಾವಿಬ್ಬರೂ ವರ್ಷಗಟ್ಟಲೆ ಕಷ್ಟಸುಖ ಮಾತಾಡಿಕೊಂಡದ್ದು ಅಲ್ಲೇ. "ನೋಡು, ಬುಧವಾರದಿಂದ ಪೇಪರು ಅಂಟಿಸಿಬಿಟ್ಟಿದ್ದಾಳೆ," ಎಂದೆ. "ಯಾರ ಮುಖವನ್ನೂ ನೋಡುವುದು ಬೇಡವಾಗಿದೆ ಪಾಪ."

ಕಿಟಕಿಯ ಕೆಳಗಿನ ಅರ್ಧಕ್ಕೆ ಹಳೆಯ ದಿನಪತ್ರಿಕೆ. ಮೇಲಿನ ಸರಳಿಗೆ ಕಟ್ಟಿದ ಎರಡು ಹೊಸ ದಾರಗಳಿದ್ದವು. ಅವು ಪತ್ರಿಕೆಯ ಹಿಂದಕ್ಕೆ ನೆಟ್ಟಗೆ ಇಳಿದಿದ್ದವು.

"ಆ ದಾರದಲ್ಲಿ ಏನು ಒಣಹಾಕಿದಾಳೆ ಅತ್ತಿಗೆ?"

"ಏನೂ ಇಲ್ಲವಲ್ಲ."

"ಹೌದು, ಏನೂ ಇಲ್ಲ." ಅವಳು ಮಣೆ ಎಳೆದುಕೊಂಡು ಆ ಕಿಟಕಿಯ ಎದುರು ಕೂತಳು. ಊಟಕ್ಕೂ ಏಳಲಿಲ್ಲ. "ಐದು ಗಂಟೆಯೊಳಗೆ ಅವಳು ಒಂದು ಕೆಲಸ ಮಾಡದೇ ಇದ್ರೆ ಸಾಕು. ಮಾಡಿಬಿಟ್ರೆ ನನ್ನ ಹತ್ರ ಬರೀ ಬಾಯಿಮಾತು ಉಳಿಯುತ್ತೆ."

ಮೂರು ಗಂಟೆಗೆ ಮೇಲಿನ ಹೊಲಿಗೆ ಯಂತ್ರದ ಸದ್ದು ನಿಂತಿತು. ಮೂರೂವರೆಗೆ ಪೆಟ್ಟಿಗೆ ಎಳೆಯುವ ಸದ್ದು ಆ ಸಂದಿಯಲ್ಲಿ ಇಳಿದು ಬಂತು. ನಾಲ್ಕಕ್ಕೆ ಎದುರು ಕಿಟಕಿಯ ಪತ್ರಿಕೆಯ ಹಿಂದೆ ನೆರಳೊಂದು ಬಂದು ನಿಂತಿತು. ನಾದಿನಿಯ ಕೈ ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿಯಿತು. ದಾರ ಒಮ್ಮೆ ಬಿಗಿಯಾಯಿತು, ಅಲುಗಿತು. ಬಹಳ ಹೊತ್ತಿನ ಮೇಲೆ ನೆರಳು ಸರಿಯಿತು. ದಾರ ಹಾಗೇ ಇತ್ತು.

"ಅಮ್ಮನ ಮಗಳೇ ಹೌದು," ಎಂದು ನಾದಿನಿ ತನಗೇ ಹೇಳಿಕೊಂಡು ಎದ್ದಳು.

ಟೆರೇಸಿನ ಮೇಲೆ ಎಂಟೂ ಮನೆಯವರು ಸೇರಿದ್ದರು. ಹೊಲಿಗೆಯಕ್ಕನ ಬಾಗಿಲಲ್ಲಿ ಪೆಟ್ಟಿಗೆ, ಅದರ ಪಕ್ಕ ಹಳೇ ಬೆಡ್‌ಶೀಟು ಸುತ್ತಿದ ಯಂತ್ರ. ಕಾರ್ಯದರ್ಶಿಗಳು ಕಾಗದ ಬಿಚ್ಚಿ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ನಾದಿನಿ ಎದ್ದು ನಿಂತಳು.

"ಕಾಳನ್ನ ಯಾರೂ ಬದಲಾಯಿಸಿಲ್ಲ," ಎಂದಳು. "ಬಾಟಲೀಲಿದ್ದದ್ದು ಹಿರಿಯಮ್ಮನ ಕಾಳೇ. ಒಂದರೊಳಗೆ ಹುಳ ಸತ್ತಿತ್ತು. ಬೆಂಕಿಗೆ ಸತ್ತಿದ್ರೆ ಬಿಳಿ ಸಿಪ್ಪೆ ಕಂದಬೇಕಿತ್ತು, ಕಂದಿಲ್ಲ. ಹಾಗಾದ್ರೆ ಚಳಿಗೆ ಸತ್ತಿದೆ. ಕೊರೆಯೋ ಬಾಟಲಿ ಹೊರಗೆ ತೆಗೆದ್ರೆ ಗಾಜು ಬೆವರುತ್ತೆ. ಈ ಒಂದು ಬಾಟಲಿಯ ಶಾಯಿ ಮಾತ್ರ ಹರಡಿದೆ. ಇದು ಯಾರದೋ ಫ್ರೀಜರಿನಲ್ಲಿತ್ತು."

"ಫ್ರೀಜರಲ್ಲಿಟ್ರೆ ಬೀಜ ಸಾಯಲ್ವಲ್ಲ. ನಾವೂ ಇಟ್ಟಿದೀವಿ," ಎಂದರು ಯಾರೋ.

"ಒಣಗಿದ್ರೆ ಸಾಯಲ್ಲ. ಇವುಗಳ ಸಿಪ್ಪೆ ಸುಕ್ಕಾಗಿತ್ತು. ನೀರಲ್ಲಿ ತೊಳೆದು, ಬಟ್ಟೇಲಿ ಒರೆಸಿ, ಹಾಗೇ ಒಳಗಿಟ್ಟಿದಾರೆ. ಕಾಳೊಳಗೆ ಹೋದ ನೀರು ಹೆಪ್ಪುಗಟ್ಟಿ ಮೊಳಕೆಯನ್ನ ಕೊಂದಿದೆ. ಹೊಲಿಗೆಯಕ್ಕ ಕಾಳು ತೊಳೆಯೋಳಲ್ಲ. ಒಣಗಿದೆಯಾ ಅಂತ ಹಲ್ಲಲ್ಲಿ ಕಡಿದು, ಗುರುತು ಬೀಳುತ್ತಾ ನೋಡಿ ಒಳಗಿಡೋಳು. ಕಳ್ಳರು ಕಾಳಿಗೆ ಸ್ನಾನ ಮಾಡಿಸಿ ಹುಳ ಸಾಯಿಸೋ ಗೋಜಿಗೆ ಹೋಗಲ್ಲ. ಇದು ಉಳಿಸೋಕೆ ಹೋದವರ ಕೆಲಸ. ಪ್ರೀತಿ ಇತ್ತು, ಅಭ್ಯಾಸ ಇರಲಿಲ್ಲ."

ಸಲಹೆ ಪುಸ್ತಕ ತೆರೆದು ಫ್ರೀಜರಿನ ಸಾಲು ಓದಿದಳು. ನಂತರ ಪುಟ ತಿರುಗಿಸಿ ನನಗೆ ಕೊಟ್ಟಳು. ಹಿಂಬದಿಯಲ್ಲಿ ಹಿರಿಯಮ್ಮ ಬರೆದದ್ದನ್ನು ನಾನು ಗಟ್ಟಿಯಾಗಿ ಓದಿದೆ: 'ಆದರೆ ಚೆನ್ನಾಗಿ ಒಣಗಿದ್ದರೆ ಮಾತ್ರ. ಮರೆತೂ ನೀರು ತಾಗಿಸಬೇಡಿ.'

"ಈ ಪುಟ ತಿರುಗಿಸದೇ ಇದ್ದದ್ದು ಒಂದೇ ತಪ್ಪು," ಎಂದಳು ನಾದಿನಿ. "ಆ ಒಂಬತ್ತು ಕಾಳನ್ನ ಯಾರೂ ಕದ್ದಿಲ್ಲ. ತೂತು ಬಿದ್ದಿದ್ವು ಅಂತ ತೊಳೆಯೋ ಮುಂಚೆ ಆರಿಸಿ ತೆಗೆದಿದಾರೆ. ಬೀಗ ಒಡೆದಿಲ್ಲ, ಅಂದ್ರೆ ಎರಡನೇ ಬೀಗದ ಕೈ ಕಳೆದಿಲ್ಲ. ಕಾಳಿಗೆ ಹುಳ ಬಿದ್ದಿತ್ತು ಅನ್ನೋದು ಇವತ್ತು ಮಧ್ಯಾಹ್ನ ಗೊತ್ತಿದ್ದದ್ದು ನನಗೆ, ಅತ್ತಿಗೆಗೆ, ಮತ್ತೆ ಆರಿಸಿದವರಿಗೆ. ಮಧ್ಯಾಹ್ನ ಒಬ್ಬರು ಸಿಟ್ಟಲ್ಲಿ ಆ ಮಾತು ಆಡಿಬಿಟ್ರು."

ಹೊಸ್ತಿಲ ಬಳಿ ಕಿವಿಗೆ ಬಿದ್ದಿದ್ದ ಮಾತು ನನಗೆ ಈಗ ನೆನಪಾಯಿತು. ನಾದಿನಿ ಯಾರ ಕಡೆಗೂ ತಿರುಗಲಿಲ್ಲ. ಕುಂಡಗಳನ್ನು ನೋಡುತ್ತಲೇ ಹೇಳಿದಳು. "ಹುಳ ಕೊರೆದ ಕಾಳೆಲ್ಲ ಸತ್ತಿರಲ್ಲ. ಕೆಲವು ಕಾಳಲ್ಲಿ ಮೊಳಕೆ ಉಳಿದಿರುತ್ತೆ. ಕುಂಡಕ್ಕೆ ಎಸೆದ ಒಂಬತ್ತರಲ್ಲಿ ಎರಡು ಹುಟ್ಟಿ, ಕಿಟಕಿಗೆ ಕಟ್ಟಿದ ದಾರ ಹಿಡಿದು ಹತ್ತುತಾ ಇವೆ. ಕಿತ್ತು ಹಾಕಿದ್ರೆ ಸಾಕ್ಷಿಯೇ ಇರ್ತಿರಲಿಲ್ಲ. ಇವತ್ತು ನಾಲ್ಕು ಗಂಟೆಗೆ ಕೈ ಹಾಕಿ, ಕೈ ಹಿಂದೆ ತಗೊಂಡ್ರು. ಆ ಕೈಯನ್ನ ನಂಬಿ ನಾನು ಇಲ್ಲಿಗೆ ಬಂದೆ."

ಹಿರಿಯಮ್ಮನ ಮಗಳು ಎದ್ದು ಮೆಟ್ಟಿಲಿಳಿದು ಹೋದಳು.

"ಓಡಿಹೋದ್ರಲ್ಲ!" ಎಂದರು ಕಾರ್ಯದರ್ಶಿಗಳು.

"ಕೂತ್ಕೊಳ್ಳಿ. ಓಡೋರಿಗೆ ಚಪ್ಪಲಿ ಬೇಕು," ಎಂದಳು ನಾದಿನಿ. ಟೆರೇಸಿನ ಬಾಗಿಲ ಬಳಿ ಹಿರಿಯಮ್ಮನ ಮಗಳ ಚಪ್ಪಲಿ ಹಾಗೇ ಇತ್ತು.

ಅವಳು ಒಂದು ಸಣ್ಣ ಕುಂಡವನ್ನು ಎದೆಗವಚಿಕೊಂಡು ಮೇಲೆ ಬಂದಳು. ಎರಡು ಬಳ್ಳಿ, ಕತ್ತರಿಸಿದ ದಾರದ ತುಂಡಿಗೆ ಇನ್ನೂ ಸುತ್ತಿಕೊಂಡೇ ತೂಗಾಡುತ್ತಿದ್ದವು.

"ಬೀಗದ ಕೈ ಅಮ್ಮನ ಕನ್ನಡಕದ ಡಬ್ಬೀಲಿ ಸಿಕ್ತು," ಎಂದಳು. "ಅವರ ಕಾಳನ್ನ ಒಂದ್ಸಲ ಕೈಯಲ್ಲಿ ಹಿಡ್ಕೋಬೇಕು ಅನ್ನಿಸ್ತು, ಅಷ್ಟೇ. ನೋಡಿದ್ರೆ ಹುಳ. ನಾನು ಉಳಿಸಿದೆ ಅಂತ ಆಮೇಲೆ ಎಲ್ಲರ ಮುಂದೆ ಹೇಳ್ಬೇಕು ಅಂದ್ಕೊಂಡಿದ್ದೆ. ಎಲ್ಲ ಸತ್ತ ಮೇಲೆ... ಅಮ್ಮ ನನ್ನ ನಂಬದೇ ಇದ್ದದ್ದು ಸರಿ ಅಂತ ಆಗ್ಬಿಡುತ್ತಲ್ಲ ಚಿಕ್ಕಮ್ಮ. ಅದಕ್ಕೆ ಇವರ ತಲೆ ಮೇಲೆ ಹಾಕಿದೆ. ಯಾಕೆ ನನಗೆ ಕೊಡಲಿಲ್ಲ ಅವರು?"

"ಅದು ನನ್ನ ಭೂತಗನ್ನಡೀಲಿ ಕಾಣಿಸಲ್ಲ ತಾಯಿ," ಎಂದಳು ನಾದಿನಿ ಮೆತ್ತಗೆ.

ಕಾರ್ಯದರ್ಶಿಗಳು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. ಹೊಲಿಗೆಯಕ್ಕ ಎದ್ದು ಬಂದು ಕುಂಡದ ಮುಂದೆ ನಿಂತಳು.

"ನಾಲ್ಕು ದಿನ ನನ್ನನ್ನ ಕಳ್ಳಿ ಅಂದ್ರಿ," ಎಂದಳು. "ಅದನ್ನ ನಾನು ಇವತ್ತೇ ಮರೀತೀನಿ ಅಂತ ಅಂದ್ಕೋಬೇಡಿ."

"ಇಲ್ಲ," ಎಂದಳು ಹಿರಿಯಮ್ಮನ ಮಗಳು.

"ದಾರ ಕಟ್ಟಿರೋ ಚೆಂದ ನೋಡು! ಬೀನ್ಸಿಗೆ ಕೋಲು ಕೊಡ್ಬೇಕು ಅಂತ್ಲೂ ಗೊತ್ತಿಲ್ಲ." ಗೊಣಗುತ್ತ ಒಳಗೆ ಹೋದಳು. ಕಟ್ಟಿಟ್ಟ ಪೆಟ್ಟಿಗೆಯ ಹಗ್ಗ ಬಿಚ್ಚುವುದು ಕೇಳಿಸಿತು. ತಿರುಗಿ ಬಂದಾಗ ಅವಳ ಕೈಯಲ್ಲಿ ಬಟ್ಟೆಗೆ ಗೆರೆ ಹಾಕುವ ಮರದ ಅಳತೆಪಟ್ಟಿಯಿತ್ತು, ವರ್ಷಗಟ್ಟಲೆ ಬಳಸಿ ನುಣುಪಾದದ್ದು. ಅದನ್ನು ಎರಡು ಬಳ್ಳಿಗಳ ನಡುವೆ ಮಣ್ಣಿಗೆ ಚುಚ್ಚಿ ಗಟ್ಟಿಯಾಗಿ ಒತ್ತಿದಳು. "ಹಿಡ್ಕೊಳ್ಳಿ," ಎಂದಳು ಹಿರಿಯಮ್ಮನ ಮಗಳಿಗೆ. "ನೀವು ಹಿಡ್ಕೊಳ್ಳಿ, ನಾನು ಕಟ್ತೀನಿ."

ಬೀನ್ಸು ಒಣಗಿ ಕಾಳು ಬಿಡಿಸುವವರೆಗೂ ಆ ಪಟ್ಟಿ ಕುಂಡದಲ್ಲೇ ಇತ್ತು. ಅಷ್ಟು ದಿನ ಹೊಲಿಗೆಯಕ್ಕ ಕಣ್ಣಳತೆಯಲ್ಲೇ ಗೆರೆ ಹಾಕಿದಳು. ಆಗ ಹೊಲಿಸಿದ ನನ್ನ ರವಿಕೆಯ ಎರಡು ತೋಳು ಇವತ್ತಿಗೂ ಒಂದೇ ಉದ್ದವಿಲ್ಲ. ಸರಿಮಾಡಿಕೊಡು ಎಂದು ನಾನು ಕೇಳಿಲ್ಲ.